ದಂಡನೆಯ ಮರುದಿನ



ದಶಲಕ್ಷಣ ಪರ್ವದಲ್ಲಿ ದೀರ್ಘ ಉಪವಾಸವನ್ನು ಕೈಗೊಂಡವರ ಮನೆಯಲ್ಲಿ ಪಾರಣೆಯ ದಿನ ನಡೆಯುವ ಸಿದ್ಧತೆಯನ್ನು ನೀವೆಲ್ಲರೂ ಬಲ್ಲಿರಿ. ಮನೆಯವರು ನೀರನ್ನು ಸೋಸಿ ಕಾಯಿಸುತ್ತಾರೆ. ತೆಳುವಾದ ಗಂಜಿಯನ್ನೋ ಹೆಸರುಬೇಳೆಯ ಕಟ್ಟನ್ನೋ ಅಣಿಮಾಡುತ್ತಾರೆ. ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಗುಟುಕು ಗುಟುಕಾಗಿ ಕುಡಿಸುತ್ತಾರೆ. ಉಪವಾಸಕ್ಕಿಂತಲೂ ಪಾರಣೆಯೇ ಹೆಚ್ಚು ಎಚ್ಚರದ ಕಾಲವೆಂಬುದು ವ್ರತ ಮಾಡಿದ ಮನೆಗಳ ಅನುಭವ. ಆದರೆ ಇದೇ ವಿವೇಕವನ್ನು ನಾವು ಇನ್ನೊಂದು ಬಾಗಿಲಿನ ಮುಂದೆ ಮರೆತುಬಿಡುತ್ತೇವೆ. ಅದು ಸೆರೆಮನೆಯ ಬಾಗಿಲು.

ಶಿಕ್ಷೆಯನ್ನು ಅನುಭವಿಸಿ ಹೊರಬಂದವನು ಮತ್ತೆ ಅಪರಾಧಕ್ಕೆ ಏಕೆ ಇಳಿಯುತ್ತಾನೆ? ಅವನ ಸ್ವಭಾವವೇ ಅಂಥದು ಎಂದು ಲೋಕವು ಸುಲಭವಾಗಿ ಹೇಳುತ್ತದೆ. ಈ ಪ್ರಶ್ನೆಯನ್ನು ಕುರಿತು ಪಾಶ್ಚಾತ್ಯ ದೇಶಗಳಲ್ಲಿ ನಡೆದಿರುವ ಸಂಶೋಧನೆಗಳು ಬೇರೊಂದು ಉತ್ತರವನ್ನು ಕೊಡುತ್ತವೆ. ಅವು ನಮ್ಮ ವಿಚಾರಕ್ಕೆ ಯೋಗ್ಯವಾಗಿವೆ.

ಅಮೆರಿಕದ ನ್ಯಾಯ ಇಲಾಖೆಯ ಅಂಕಿ-ಅಂಶ ಶಾಖೆಯು, 2005ರಲ್ಲಿ ಆ ದೇಶದ 30 ರಾಜ್ಯಗಳ ಸೆರೆಮನೆಗಳಿಂದ ಬಿಡುಗಡೆಯಾದ ಸುಮಾರು 4 ಲಕ್ಷ ಜನರ ಮುಂದಿನ ಐದು ವರ್ಷಗಳ ಲೆಕ್ಕವನ್ನು ತೆಗೆಯಿತು. ಮೂರು ವರ್ಷಗಳೊಳಗೆ ನೂರಕ್ಕೆ 68 ಮಂದಿ, ಐದು ವರ್ಷಗಳೊಳಗೆ 77 ಮಂದಿ ಪುನಃ ಬಂಧಿತರಾದರು. ಬಂಧನವಾದ ಮಾತ್ರಕ್ಕೆ ಅಪರಾಧವು ಸಿದ್ಧವಾಗುವುದಿಲ್ಲ, ನಿಜ. ಆದರೆ ಒಂದು ಅಂಶವನ್ನು ಗಮನಿಸಿರಿ: ಅವರಲ್ಲಿ ನೂರಕ್ಕೆ 43 ಮಂದಿ ಬಂಧಿತರಾದದ್ದು ಮೊದಲನೆಯ ವರ್ಷದಲ್ಲಿಯೇ. ಪಾರಣೆಯ ಹೊತ್ತೇ ಅಪಾಯದ ಹೊತ್ತು.

ಆ ಹೊತ್ತಿನಲ್ಲಿ ಲೋಕವು ಅವನಿಗೆ ಏನನ್ನು ಬಡಿಸುತ್ತದೆ? ಡೆವಾ ಪೇಜರ್ ಎಂಬ ವಿದುಷಿಯು ಅಮೆರಿಕದ ಮಿಲ್ವಾಕಿ ನಗರದಲ್ಲಿ ಇದನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದಳು. ಸಮಾನ ಯೋಗ್ಯತೆಯುಳ್ಳ ತರುಣರನ್ನು ಕೆಲಸ ಕೇಳಲು ಕಳುಹಿಸಿ, ಕೆಲವರಿಂದ ತಾವು ಸೆರೆಮನೆಯಲ್ಲಿದ್ದವರೆಂದು ಹೇಳಿಸಿದಳು. ಬಿಳಿಯರಲ್ಲಿ ಕಳಂಕವಿಲ್ಲದವರ ಪೈಕಿ ನೂರಕ್ಕೆ 34 ಮಂದಿಗೆ ಮರುಕರೆ ಬಂದರೆ, ಸೆರೆವಾಸದ ಗುರುತುಳ್ಳವರಿಗೆ ಬಂದದ್ದು 17 ಮಾತ್ರ. ಕರಿಯರಲ್ಲಿ ಅದು 14ರಿಂದ 5ಕ್ಕೆ ಇಳಿಯಿತು. ನ್ಯಾಯಾಧೀಶನು ವಿಧಿಸಿದ ಅವಧಿ ಮುಗಿದ ಮೇಲೂ ಜನರು ವಿಧಿಸುವ ದಂಡನೆಗೆ ಅವಧಿಯೇ ಇರುವುದಿಲ್ಲ.

ಹಾಗಾದರೆ ತಿದ್ದಿಕೊಂಡವರು ಹೇಗೆ ತಿದ್ದಿಕೊಂಡರು? ಶೆಲ್ಡನ್ ಮತ್ತು ಎಲಿನಾರ್ ಗ್ಲೂಕ್ ದಂಪತಿಗಳು ಬಾಸ್ಟನ್ ಪ್ರಾಂತದಲ್ಲಿ ಸುಧಾರಣಾಲಯಗಳಿಗೆ ಸೇರಿದ್ದ 500 ಮಂದಿ ಬಾಲಕರ ಜೀವನವನ್ನು ಅಭ್ಯಸಿಸಿ 1950ರಲ್ಲಿ ಗ್ರಂಥವನ್ನು ಬರೆದರು. ಅವರ ಕಾಗದಪತ್ರಗಳು ಹಾರ್ವರ್ಡ್ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಉಳಿದುಹೋಗಿದ್ದವು. 1980ರ ದಶಕದಲ್ಲಿ ಅವುಗಳನ್ನು ಹೊರತೆಗೆದ ಜಾನ್ ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ಎಂಬವರು, ವೃದ್ಧರಾಗಿದ್ದ ಆ ಬಾಲಕರಲ್ಲಿ 52 ಮಂದಿಯನ್ನು ಹುಡುಕಿ ಮಾತನಾಡಿಸಿ 2003ರಲ್ಲಿ ಫಲವನ್ನು ಪ್ರಕಟಿಸಿದರು. ಬಾಲ್ಯದ ದುಷ್ಟತನವನ್ನು ನೋಡಿ ಯಾವನು ಉಳಿಯುವನು, ಯಾವನು ಕೆಡುವನು ಎಂದು ಮುಂದಾಗಿ ಹೇಳಲು ಬರಲಿಲ್ಲ. ತಿರುಗಿ ನಿಂತವರ ಕಥೆಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇಷ್ಟು: ಸ್ಥಿರವಾದ ಉದ್ಯೋಗ, ಅನುಕೂಲವಾದ ದಾಂಪತ್ಯ, ದಿನಚರಿಗೊಂದು ಕಟ್ಟು, ನಂಬಿದ ಒಂದು ಜೀವ. ಅದರ ಜೊತೆಗೆ ಅವರ ಸ್ವಂತ ನಿಶ್ಚಯ. ತಾರುಣ್ಯದಲ್ಲಿ ದೀರ್ಘಕಾಲ ಸೆರೆಯಲ್ಲಿದ್ದವರಿಗಾದರೋ ಉದ್ಯೋಗವು ನೆಲೆನಿಲ್ಲುವುದು ಕಷ್ಟವಾಯಿತು. ಅದು ಮರಳಿ ಅಪರಾಧಕ್ಕೆ ದಾರಿಯಾಯಿತು.

ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಇಂಥವರ ಆತ್ಮಕಥನಗಳನ್ನು ಕೇಳಿದ ಶ್ಯಾಡ್ ಮರೂನಾ 2001ರಲ್ಲಿ ಮತ್ತೊಂದು ಸೂಕ್ಷ್ಮವನ್ನು ತಿಳಿಸಿದರು. ಅಪರಾಧದಲ್ಲೇ ಉಳಿದವರು ತಮ್ಮ ಬಾಳು ಎಂದೋ ನಿರ್ಣಯವಾಗಿಹೋಗಿದೆ ಎಂದು ನಂಬಿದ್ದರು. ಬಿಟ್ಟವರು, ತಮ್ಮ ನಿಜಸ್ವರೂಪವು ಒಳ್ಳೆಯದೇ, ಕೆಡುಕು ಮೇಲೆ ಕವಿದುದು ಎಂದು ತಿಳಿದು, ಪರರಿಗೆ ಉಪಯೋಗವಾಗಲು ಹಂಬಲಿಸುತ್ತಿದ್ದರು. ಆತ್ಮನಿಗೂ ಕರ್ಮಲೇಪಕ್ಕೂ ಭೇದವನ್ನು ಕೇಳುತ್ತ ಬೆಳೆದ ನಮಗೆ ಈ ಮಾತು ಹೊಸದೇ?

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತಕ್ಕೆ ಒಂಬತ್ತು ಭೇದಗಳನ್ನು ಹೇಳಿದೆ. ಮೊದಲನೆಯದು ಆಲೋಚನೆ, ಗುರುವಿನ ಮುಂದೆ ದೋಷವನ್ನು ಮುಚ್ಚದೆ ಒಪ್ಪಿಸುವುದು. ಎಂಟನೆಯದು ಪರಿಹಾರ, ಸಂಘದಿಂದ ನಿಯತಕಾಲ ದೂರವಿಡುವುದು. ಒಂಬತ್ತನೆಯದು ಉಪಸ್ಥಾಪನೆ, ಮರಳಿ ದೀಕ್ಷೆಯನ್ನಿತ್ತು ನೆಲೆಗೊಳಿಸುವುದು. ಇವು ಮುನಿಗಳನ್ನು ಕುರಿತ ಮಾತುಗಳು. ಭೇದಗಳೇ ಹೊರತು ಮೆಟ್ಟಿಲುಗಳಲ್ಲ. ಆದರೂ ಎಣಿಕೆಯು ಹೊರಗಿಡುವುದರಲ್ಲಿ ಮುಗಿಯಲಿಲ್ಲ ಎಂಬುದನ್ನು ಮನಗಾಣಬೇಕು. ಲೋಕದ ದಂಡನೆಯಾದರೋ ಎಂಟನೆಯದರಲ್ಲಿಯೇ ನಿಂತುಬಿಡುತ್ತದೆ.

ಗೃಹಸ್ಥರಿಗೆ ಹೇಳಿದ ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಸ್ಥಿತೀಕರಣವೂ ಒಂದಷ್ಟೆ. ಅದಕ್ಕೆ ದೃಷ್ಟಾಂತನಾದ ವಾರಿಷೇಣ ಮುನಿಯು ಚಿತ್ತ ಚಂಚಲವಾದ ಪುಷ್ಪಡಾಲನನ್ನು ದೂರದಿಂದ ಗದರಿಸಲಿಲ್ಲ. ತಾನೇ ಜೊತೆಯಲ್ಲಿ ನಡೆದು ಅವನನ್ನು ನಿಲ್ಲಿಸಿದನು. ಇದರಿಂದ ದೋಷವನ್ನು ಮನ್ನಿಸಿದಂತಾಗುವುದಿಲ್ಲ. ಕಳವು ಕಳವೇ, ನೊಂದವರಿಗೆ ಸಲ್ಲತಕ್ಕುದು ಸಲ್ಲಲೇಬೇಕು. ಆದರೆ ಬಿದ್ದವನು ಏಳುವಾಗ ಹಿಡಿಯಲು ಒಂದು ಕೈ ಬೇಕು.

ಈ ಮಾತನ್ನು ಹೇಳಲು ನನಗೆ ಅಧಿಕಾರವಿದೆಯೇ? ನಾನು ಅಧ್ಯಾಪಕನಾಗಿದ್ದಾಗ, ನನ್ನಲ್ಲಿಯೇ ಓದಿದ್ದವನೊಬ್ಬನು ಕಳವಿಗಾಗಿ ಶಿಕ್ಷೆ ಅನುಭವಿಸಿ ಬಂದು, ಅಂಗಡಿಯೊಂದರ ಕೆಲಸಕ್ಕಾಗಿ ನನ್ನಿಂದ ಎರಡು ಸಾಲಿನ ಪತ್ರವನ್ನು ಬೇಡಿದನು. ಅಂದು ಅಷ್ಟಮಿ, ನಾನು ಉಪವಾಸದಲ್ಲಿದ್ದೆನು. "ನಾಳೆ ಬಾರಪ್ಪಾ" ಎಂದೆನು. ಅವನು ನಾಳೆ ಬರಲಾರನೆಂದು ತಿಳಿದೇ ಆಡಿದ ಮಾತದು. ಅವನು ಬರಲಿಲ್ಲ; ಮುಂದೆ ಏನಾದನೋ ನಾನರಿಯೆನು. ಅಂದು ನಾನು ಅನ್ನವನ್ನು ಬಿಟ್ಟಿದ್ದೆನು. ಭಯವನ್ನೂ ಮಾನಕಷಾಯವನ್ನೂ ಬಿಟ್ಟಿರಲಿಲ್ಲ. ಇದನ್ನು ಆಲೋಚನೆಯಾಗಿ ನಿಮ್ಮ ಮುಂದೆ ಒಪ್ಪಿಸುತ್ತಿದ್ದೇನೆ.

ಆದುದರಿಂದ ಭವ್ಯಬಂಧುಗಳೇ, ಮುಂಬರುವ ಪರ್ವದಲ್ಲಿ ಉಪವಾಸದ ನಿಯಮದೊಡನೆ ಇನ್ನೊಂದು ನಿಯಮವನ್ನೂ ಕೈಗೊಳ್ಳೋಣ. ಶಿಕ್ಷೆ ಮುಗಿಸಿ ಬಂದವನು ನಮ್ಮ ಅಂಗಡಿಯ, ನಮ್ಮ ಹೊಲದ, ನಮ್ಮ ಮನೆಯ ಬಾಗಿಲಿಗೆ ಬಂದರೆ, ನಮ್ಮಿಂದಾಗುವುದನ್ನು ಅಂದೇ ಮಾಡೋಣ. "ನಾಳೆ ಬಾ" ಎಂಬ ಮಾತನ್ನು ತ್ಯಾಗ ಮಾಡೋಣ. ಕ್ಷಮಾವಣಿಯ ದಿನ ಎಲ್ಲ ಜೀವಗಳಲ್ಲಿಯೂ ಕ್ಷಮೆಯನ್ನು ಬೇಡುವ ನಾವು, ಆ ಎಲ್ಲ ಜೀವಗಳಲ್ಲಿ ಅವನೂ ಒಬ್ಬನೆಂಬುದನ್ನು ಮರೆಯದಿರೋಣ. ಸರ್ವರಿಗೂ ಸನ್ಮಂಗಳವಾಗಲಿ.