ಬೇಡವೆಂಬ ಮಾತಿನ ಬೆಲೆ

ನನ್ನ ತಂಗಿಯ ಮಗ ಪಶುವೈದ್ಯ. ಹೆಬ್ಬಾಳದ ಕಾಲೇಜಿನಲ್ಲಿ ಓದಿ, ಕೆಲವು ವರ್ಷ ಬೇರೆಯವರ ಕೈಕೆಳಗೆ ದುಡಿದು, ಈಚೆಗೆ ಮೈಸೂರಿನ ಹೊರಗಿನ ಬಡಾವಣೆಯೊಂದರಲ್ಲಿ ಸ್ವಂತ ಚಿಕಿತ್ಸಾಲಯ ತೆರೆದಿದ್ದಾನೆ. ಒಂದು ಕಡೆ ಹೊಸ ಮನೆಗಳು, ಅಲ್ಲಿ ನಾಯಿ ಬೆಕ್ಕುಗಳು; ಇನ್ನೊಂದು ಕಡೆ ಹಳ್ಳಿಗಳು, ಅಲ್ಲಿ ಹಸು, ಎಮ್ಮೆ, ಕುರಿಗಳು. ಜಾಗವೇನೋ ಒಳ್ಳೆಯದೇ. ಆದರೆ ಬ್ಯಾಂಕಿನ ಸಾಲದ ಕಂತು ತಿಂಗಳ ಐದನೆಯ ತಾರೀಖಿಗೆ ತಪ್ಪದೆ ಬರುತ್ತದೆ. ಗಿರಾಕಿಗಳು ಹಾಗೆ ತಪ್ಪದೆ ಬರುವುದಿಲ್ಲ.

ಒಂದು ಭಾನುವಾರ ಮನೆಗೆ ಬಂದವನು, ಕಾಫಿ ಕುಡಿದು ಲೋಟ ಕೆಳಗಿಟ್ಟು, "ಮಾವ, ನೀವು ಪತ್ರಿಕೆಗಳಿಗೆ ಬರೆಯುವವರು. ನನ್ನ ಆಸ್ಪತ್ರೆಗೆ ಒಂದು ಕರಪತ್ರ ಬರೆದುಕೊಡಿ. ಓದಿದವರು ಬರಬೇಕು, ಬಂದವರು ಮತ್ತೆ ಬರಬೇಕು" ಎಂದ. ಆಗಲೆಂದೆ. ಒಂದು ಗಂಟೆಯ ಕೆಲಸವೆಂದುಕೊಂಡೆ. ಒಂದು ವಾರ ಹಿಡಿಯಿತು.

ಹೆಸರು, ವಿಳಾಸ, ಬಾಗಿಲು ತೆರೆದಿರುವ ವೇಳೆ, ಇಷ್ಟು ಸಲೀಸಾಗಿ ಬಂತು. ಅನಂತರ ಲೇಖನಿ ಮುಂದೆ ಹೋಗಲೊಲ್ಲದು. "ಬಂದವರು ಮತ್ತೆ ಬರಬೇಕು" ಎಂಬ ಅವನ ಮಾತೇ ಅಡ್ಡ ನಿಂತಿತು. ದಿನಸಿ ಅಂಗಡಿಯವನು ಹಾಗೆ ಬಯಸಿದರೆ ತಪ್ಪಿಲ್ಲ. ಬೇಳೆ ಮುಗಿಯುತ್ತದೆ, ಮತ್ತೆ ಬೇಕಾಗುತ್ತದೆ. ವೈದ್ಯನ ಕೆಲಸ ಚೆನ್ನಾಗಿ ಆದರೋ, ಬಂದವನು ಬಹುಕಾಲ ಬಾರದೆ ಇರಬೇಕು. ಹಾಗಿರುವಾಗ "ಮತ್ತೆ ಬನ್ನಿ" ಎಂದು ವೈದ್ಯ ಯಾವ ಬಾಯಿಂದ ಹೇಳಬೇಕು?

ಮನುಷ್ಯರ ವೈದ್ಯರಿಗಾದರೂ ಈ ತೊಡಕು ಇಷ್ಟಿಲ್ಲ. ನೋವುಣ್ಣುವವನೂ ದುಡ್ಡು ಕೊಡುವವನೂ ಅಲ್ಲಿ ಸಾಮಾನ್ಯವಾಗಿ ಒಬ್ಬನೇ. ಮದ್ದು ಹಿಡಿಯದಿದ್ದರೆ ಅವನೇ ಬಂದು ಜಗಳವಾಡುತ್ತಾನೆ. ಪಶುವೈದ್ಯನ ಮುಂದೆ ಯಾವಾಗಲೂ ಇಬ್ಬರು ನಿಂತಿರುತ್ತಾರೆ. ಒಬ್ಬರಿಗೆ ನೋವಿದೆ, ಮಾತಿಲ್ಲ. ಇನ್ನೊಬ್ಬರಿಗೆ ಮಾತಿದೆ, ಕಿಸೆಯಿದೆ, ನೋವಿಲ್ಲ. ಕರಪತ್ರ ಓದುವವನು ಈ ಎರಡನೆಯವನು. ಮತ್ತೆ ಬರುವುದೋ ಬೇಡವೋ ಎಂದು ತೀರ್ಮಾನಿಸುವವನೂ ಅವನೇ. ಅವನನ್ನು ಮೆಚ್ಚಿಸುವುದು ಒಂದು ಕೆಲಸ, ಮೂಕಪ್ರಾಣಿಯನ್ನು ಗುಣಪಡಿಸುವುದು ಇನ್ನೊಂದು ಕೆಲಸ. ಎರಡೂ ಒಂದೇ ದಾರಿಯಲ್ಲಿ ನಡೆಯುವ ದಿನ ಚಿಂತೆಯಿಲ್ಲ. ದಾರಿ ಕವಲೊಡೆದ ದಿನ ವೈದ್ಯ ಯಾರ ಜೊತೆಗೆ ಹೋಗಬೇಕು?

ಈ ಪ್ರಶ್ನೆ ಕಾನೂನು ಮಾಡುವವರಿಗೂ ಹೊಳೆಯದೆ ಇಲ್ಲ. 1984ರ ಕಾಯಿದೆಯಿಂದ ಹುಟ್ಟಿದ ಭಾರತೀಯ ಪಶುವೈದ್ಯ ಪರಿಷತ್ತು 1992ರಲ್ಲಿ ವೈದ್ಯರ ನಡತೆಗೆ ನಿಯಮಗಳನ್ನು ಮಾಡಿತು. ತನ್ನನ್ನು ತಾನೇ ಹೊಗಳಿಕೊಂಡು ಗಿರಾಕಿಗಳನ್ನು ಕರೆಯುವುದು ಈ ವೃತ್ತಿಗೆ ತಕ್ಕುದಲ್ಲವೆಂಬುದು ಅದರ ಭಾವ. ಅಳಿಯನಿಗೆ ಇದು ಗೊತ್ತು. "ಹೊಗಳಿಕೆ ಬೇಡ ಮಾವ, ನಂಬಿಕೆ ಹುಟ್ಟುವ ಹಾಗೆ ನಾಲ್ಕು ಮಾತು ಸಾಕು" ಎಂದಿದ್ದ. ನಂಬಿಕೆ ಹುಟ್ಟಿಸುವ ಮಾತು ಯಾವುದು? ಯೋಚಿಸುತ್ತ ಕುಳಿತಾಗ ನನ್ನ ತಾಯಿಯ ಎಮ್ಮೆ ನೆನಪಿಗೆ ಬಂತು.

ಅದು 1966ರ ಮಾತು. ಹಾಸನದ ಕಡೆಯ ನಮ್ಮ ಹಳ್ಳಿಯಲ್ಲಿ ಅಮ್ಮ ಒಂದು ಎಮ್ಮೆ ಕಟ್ಟಿದ್ದಳು. ಅದರ ಹಾಲನ್ನು ಬಸ್ಸು ನಿಲ್ಲುವಲ್ಲಿದ್ದ ಹೋಟೆಲಿಗೆ ಕೊಡುತ್ತಿದ್ದಳು. ನಮ್ಮ ಪುಸ್ತಕ, ಫೀಜು, ಹಬ್ಬದ ಬಟ್ಟೆ ಎಲ್ಲವೂ ಆ ಹಾಲಿನಿಂದಲೇ. ಒಮ್ಮೆ ಎಮ್ಮೆಗೆ ಕೆಚ್ಚಲು ಬಾವು ಬಂತು. ಒಂದು ಮೊಲೆ ಕಲ್ಲಿನಂತೆ ಗಟ್ಟಿಯಾಗಿ, ಹಿಂಡಿದರೆ ಒಡೆದ ಹಾಲಿನಂತಹ ಗರಣೆ ಬರತೊಡಗಿತು. ಸರ್ಕಾರಿ ದನದ ಆಸ್ಪತ್ರೆಯ ಡಾಕ್ಟರು ಸೈಕಲ್ಲಿನಲ್ಲಿ ಬಂದು, ಕೆಚ್ಚಲು ತೊಳೆಸಿ, ಮೊಲೆಯೊಳಕ್ಕೆ ಮದ್ದು ಹಾಕಿದರು. ಹೊರಡುವಾಗ, "ನೋಡಮ್ಮ, ಮದ್ದು ಹಾಕುವಷ್ಟು ದಿನವೂ, ಅದು ನಿಂತ ಮೇಲೆ ಮೂರು ದಿನವೂ ಹಾಲು ಮಾರಬಾರದು. ಉಳಿದ ಮೂರು ಮೊಲೆಯದೂ ಬೇಡ. ಚೆಲ್ಲಿಬಿಡು" ಎಂದರು.

ಅಮ್ಮನಿಗೆ ಎಂತಹ ಸಿಟ್ಟು ಬಂತು! ಎದುರಿಗೆ ಏನೂ ಹೇಳಲಿಲ್ಲ. ಆರು ದಿನದ ಹಾಲನ್ನು ಚೆಲ್ಲಿದಳು. ಚೆಲ್ಲುವಾಗಲೆಲ್ಲ ಡಾಕ್ಟರ ವಂಶವನ್ನು ನೆನೆದಳು. ಕೆಲವು ತಿಂಗಳ ಮೇಲೆ ಇನ್ನೊಂದು ಮೊಲೆ ಬಾತಾಗ ಅವರನ್ನು ಕರೆಸಲಿಲ್ಲ. ಪಕ್ಕದ ಊರಿನಲ್ಲಿ ದನಗಳಿಗೆ ಸೂಜಿಮದ್ದು ಕೊಡುವವನೊಬ್ಬನಿದ್ದ. ಅವನು ಬಂದ, ಚುಚ್ಚಿದ, ದುಡ್ಡು ತೆಗೆದುಕೊಂಡ, ಹೋದ. ಹಾಲಿನ ಸುದ್ದಿಯನ್ನೇ ಎತ್ತಲಿಲ್ಲ. ಅಮ್ಮ ಸಂತೋಷದಿಂದ ಹಾಲು ಮಾರಿದಳು.

ಮೂರನೆಯ ದಿನ ಹೋಟೆಲಿನ ಯಜಮಾನ ಪಾತ್ರೆ ಹಿಡಿದುಕೊಂಡು ನಮ್ಮ ಜಗುಲಿಯ ಮುಂದೆ ಬಂದು ನಿಂತ. "ಏನಮ್ಮ, ಹಾಲಿಗೆ ಏನು ಬೆರೆಸುತ್ತೀಯ? ಎರಡು ದಿನದಿಂದ ಹೆಪ್ಪು ಹಾಕಿದರೂ ಮೊಸರಾಗುತ್ತಿಲ್ಲ" ಎಂದ. ರೋಗದ ಕ್ರಿಮಿಯನ್ನು ಕೊಲ್ಲುವ ಮದ್ದು ಹಾಲಿಗಿಳಿದರೆ, ಹಾಲನ್ನು ಮೊಸರು ಮಾಡುವ ಸಾಧುಕ್ರಿಮಿಯನ್ನೂ ಬಿಡುವುದಿಲ್ಲ. ಅದು ಆಗ ನಮಗೆ ತಿಳಿಯದು. ಬೀದಿಯವರೆಲ್ಲ ನೋಡುತ್ತಿದ್ದರು. ಒಂದು ಹನಿ ನೀರು ಬೆರೆಸದ ನನ್ನ ತಾಯಿ ತಲೆ ತಗ್ಗಿಸಿ ನಿಂತಿದ್ದಳು.

ಮರುದಿನ ಬೆಳಿಗ್ಗೆ ಎಮ್ಮೆಯನ್ನು ಹೊಡೆದುಕೊಂಡು ತಾನೇ ದನದ ಆಸ್ಪತ್ರೆಗೆ ನಡೆದಳು. ಆ ಡಾಕ್ಟರಿಗೆ ವರ್ಗವಾಗುವವರೆಗೂ ಬೇರೆ ಯಾರನ್ನೂ ನಮ್ಮ ಕೊಟ್ಟಿಗೆಗೆ ಬಿಡಲಿಲ್ಲ. ಕಾರಣ ಕೇಳಿದರೆ ಹೇಳುತ್ತಿದ್ದಳು: "ಆ ಪುಣ್ಯಾತ್ಮ ನನಗೆ ನಷ್ಟವಾಗೋ ಮಾತನ್ನೂ ಹೇಳ್ತಾನೆ. ಅದಕ್ಕೇ, ಎಮ್ಮೆ ಬದುಕುತ್ತೆ ಅಂದಾಗ ನಂಬಬಹುದು."

ಇಷ್ಟು ವರ್ಷಗಳಾದ ಮೇಲೆ ನನಗನ್ನಿಸುತ್ತದೆ, ನಂಬಿಕೆಯ ವಿಚಾರವಾಗಿ ಇದಕ್ಕಿಂತ ಹೆಚ್ಚಿನ ಮಾತನ್ನು ನಾನು ಓದಿದ ಪುಸ್ತಕಗಳು ಹೇಳಿಲ್ಲ. ಯಾವಾಗಲೂ "ಬೇಕು" ಎನ್ನುವವನ "ಬೇಕು"ವಿಗೆ ಬೆಲೆಯಿಲ್ಲ. ಒಮ್ಮೆಯಾದರೂ, ತನ್ನ ಕಿಸೆಗೆ ಅಥವಾ ನಮ್ಮ ಕಿಸೆಗೆ ನಷ್ಟವಾಗುವಂತೆ "ಬೇಡ" ಎಂದವನ "ಬೇಕು"ವಿಗೆ ಮಾತ್ರ ಬೆಲೆ. ಗಿರಾಕಿಯ ನಿಷ್ಠೆಯೆಂದು ವ್ಯಾಪಾರಸ್ಥರು ಯಾವುದನ್ನು ಹುಡುಕುತ್ತಾರೋ ಅದು ಗಿರಾಕಿಯಲ್ಲಿ ಹುಟ್ಟುವುದೇ ಅಲ್ಲ. ವೈದ್ಯನು ಮೂಕಪ್ರಾಣಿಗೆ ತೋರಿದ ನಿಷ್ಠೆಯನ್ನು ಕಂಡು, ಅದರ ಪ್ರತಿಬಿಂಬವಾಗಿ ಬರುತ್ತದೆ.

ಆದರೆ ಗಿರಾಕಿಯ ಸಂತೋಷವೇ ಅಳತೆಗೋಲಾಗಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನಮ್ಮ ಕಾಲದಲ್ಲೇ ನಡೆದಿದೆ. ಡೈಕ್ಲೋಫೆನಾಕ್ ಎಂಬ ನೋವುನಿವಾರಕವನ್ನು 1990ರ ದಶಕದಲ್ಲಿ ದನಗಳಿಗೆ ಧಾರಾಳವಾಗಿ ಕೊಡುತ್ತಿದ್ದರು. ಅಗ್ಗದ ಮದ್ದು, ಬೇಗ ಹಿಡಿಯುವ ಮದ್ದು. ಕುಂಟುವ ಎತ್ತು ನಡೆಯಿತು. ರೈತನಿಗೂ ಸಂತೋಷ, ಡಾಕ್ಟರಿಗೂ ಸಂತೋಷ. ಆದರೆ ಮದ್ದು ತಿಂದು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಕಾರಣ ಜಗತ್ತಿಗೆ ತಿಳಿದದ್ದು 2004ರಲ್ಲಿ. ಭಾರತದಲ್ಲಿ ಪಶುಗಳಿಗೆ ಆ ಮದ್ದನ್ನು ನಿಷೇಧಿಸಿದ್ದು 2006ರಲ್ಲಿ. ಅಷ್ಟು ಹೊತ್ತಿಗೆ ಬಿಳಿಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮಿಗಿಲಾಗಿ ಅಳಿದಿತ್ತು. ಅಳಿದುಳಿದ ಉದ್ದಕೊಕ್ಕಿನ ರಣಹದ್ದುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಕ್ಷಿತ ಧಾಮ ಮಾಡಬೇಕಾಯಿತು. ಮೊದಲು ಕೊಟ್ಟವರನ್ನು ನಾನು ದೂರುವುದಿಲ್ಲ, ಅವರಿಗೆ ತಿಳಿಯದು. ತಿಳಿದ ಮೇಲೆ, "ಆ ಅಗ್ಗದ ಸೂಜಿಯನ್ನೇ ಹಾಕಿ" ಎಂದು ಗಿರಾಕಿ ಹಟ ಹಿಡಿದಾಗ, ಆಗುವುದಿಲ್ಲವೆನ್ನುವುದು ಯಾರ ಪರವಾಗಿ? ಬೆಟ್ಟದ ತುದಿಯ ಹದ್ದು ಯಾವ ಆಸ್ಪತ್ರೆಗೂ ಗಿರಾಕಿಯಲ್ಲ. ಆದರೂ ವೈದ್ಯನ ಮೇಜಿನ ಬಳಿ ಅದಕ್ಕೂ ಒಂದು ಸ್ಥಾನವಿದೆ.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಸಾವಧಾನವಾಗಿ ಕೇಳಿದ. ಆಮೇಲೆ, "ಮಾವ, ಅಜ್ಜಿಯ ಡಾಕ್ಟರಿಗೆ ತಿಂಗಳ ಸಂಬಳ ಬರುತ್ತಿತ್ತು. ಹಾಲು ಚೆಲ್ಲು ಎಂದರೆ ಅವರಿಗೇನೂ ಖರ್ಚಿರಲಿಲ್ಲ. ನಾನು ಬೇಡವೆಂದ ಪ್ರತಿಯೊಂದು ಸಲವೂ ನನ್ನ ಕಂತಿನಿಂದಲೇ ಕಳೆಯುತ್ತದೆ. ಇನ್ನು, ಒಳ್ಳೆಯವನು ಇಲ್ಲಿದ್ದಾನೆಂದು ಜನಕ್ಕೆ ಗೊತ್ತೇ ಆಗದಿದ್ದರೆ ಒಳ್ಳೆಯತನ ಯಾರಿಗೆ ಬಂತು?" ಎಂದ.

ಎರಡನೆಯ ಮಾತಿಗೆ ನನ್ನಲ್ಲಿ ಉತ್ತರವಿತ್ತು. ಸುಮ್ಮನಿರುವುದೇ ಧರ್ಮವೆಂದು ನಾನೂ ಹೇಳಲಾರೆ. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ನಾಯಿಗೂ ಮದ್ದಿಲ್ಲ, ಕಚ್ಚಿಸಿಕೊಂಡ ಮಗುವಿಗೂ ಮದ್ದಿಲ್ಲವೆನ್ನಬೇಕು. ಲಸಿಕೆಯನ್ನು ಮೊದಲೇ ಹಾಕಿಸಬೇಕು. "ನಿಮ್ಮ ನಾಯಿಯ ಲಸಿಕೆಯ ದಿನ ಬಂತು" ಎಂದು ವೈದ್ಯ ಮನೆಗೆ ಸುದ್ದಿ ಕಳಿಸಿದರೆ ಅದು ಉಪಕಾರವೇ. ಆದರೆ ಅದೇ ಸುದ್ದಿ ವ್ಯಾಪಾರವೂ ಆಗಬಲ್ಲುದು. ಬೇರ್ಪಡಿಸುವುದು ಹೇಗೆ? ನನಗೆ ಹೊಳೆದ ಒರೆಗಲ್ಲು ಇದು: ಆ ಕಾಗದ ಓದಿ ನಾಯಿಯ ಯಜಮಾನ ನನ್ನ ಬಳಿಗೆ ಬಾರದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿದರೆ, ಕಾಗದ ಬರೆದದ್ದು ಸಾರ್ಥಕವಾಯಿತೆಂದು ನನಗೆ ಅನ್ನಿಸುತ್ತದೆಯೆ? ಅನ್ನಿಸಿದರೆ ಅದು ಪ್ರಾಣಿಗಾಗಿ ಬರೆದದ್ದು. "ಛೆ, ಒಂದು ಗಿರಾಕಿ ಹೋಯಿತು" ಎನ್ನಿಸಿದರೆ ನನಗಾಗಿ ಬರೆದದ್ದು. ನಮ್ಮಲ್ಲಿ ಮನುಷ್ಯರಿಗೆ ಸ್ವಲ್ಪ ಬೇಸರವಾಗುವುದು ಸಹಜ; ಆದರೆ ಮೊದಲು ಯಾವುದು ಅನ್ನಿಸಿತು ಎಂಬುದೇ ಮುಖ್ಯ.

ಮೊದಲನೆಯ ಮಾತಿಗೆ ಉತ್ತರ ಹುಡುಕುವಾಗ ನಾನೇ ಸಿಕ್ಕಿಬಿದ್ದೆ.

ನಾಲ್ಕು ವರ್ಷದ ಹಿಂದೆ, ಅಳಿಯ ಇನ್ನೂ ಬೇರೆ ಊರಿನಲ್ಲಿದ್ದಾಗ, ನಮ್ಮ ಮನೆಯ ನಾಯಿ ಒಂದು ರಾತ್ರಿ ಎರಡು ಸಲ ವಾಂತಿ ಮಾಡಿಕೊಂಡಿತು. ಬೆಳಗಾಗುತ್ತಲೆ ಒಬ್ಬ ವೈದ್ಯರಲ್ಲಿಗೆ ಕರೆದೊಯ್ದೆ. ಅವರು ಅರ್ಧ ಗಂಟೆ ನಾಯಿಯ ಹೊಟ್ಟೆ ಮುಟ್ಟಿ, ವಸಡು ನೋಡಿ, ಜ್ವರ ಅಳೆದು, ನನ್ನನ್ನು ಹತ್ತು ಪ್ರಶ್ನೆ ಕೇಳಿ, "ಏನೂ ಮದ್ದು ಬೇಡ. ಈ ಹೊತ್ತು ಊಟ ಹಾಕಬೇಡಿ, ನೀರು ಸ್ವಲ್ಪ ಸ್ವಲ್ಪವಾಗಿ ಕೊಡಿ. ನಾಳೆ ಮಂಕಾಗಿದ್ದರೆ ಕರೆತನ್ನಿ" ಎಂದರು. ಫೀಜು ಎಷ್ಟೆಂದು ಕೇಳಿದೆ. ಅವರು ಸಂಕೋಚದಿಂದ, "ಮದ್ದೇನೂ ಕೊಡಲಿಲ್ಲವಲ್ಲ, ನಿಮ್ಮಿಷ್ಟ" ಎಂದರು. ನನ್ನಿಷ್ಟವೇನಾಯಿತು? "ಥ್ಯಾಂಕ್ಸ್ ಡಾಕ್ಟರೆ" ಎಂದು ಕೈಮುಗಿದು ಬಂದುಬಿಟ್ಟೆ! ಒಂದು ಸೂಜಿ ಚುಚ್ಚಿ, ಎರಡು ಬಣ್ಣದ ಮಾತ್ರೆ ಕೊಟ್ಟಿದ್ದರೆ ಐನೂರು ರೂಪಾಯನ್ನು ಎಣಿಸಿ ಕೊಟ್ಟು ಬರುತ್ತಿದ್ದೆ. ನಾಯಿ ಮರುದಿನ ಚೆನ್ನಾಗಿತ್ತು. ನಾನು ಆ ವೈದ್ಯರಲ್ಲಿಗೆ ಮತ್ತೆ ಹೋಗಲಿಲ್ಲ, ಹೋಗಲು ಮುಖವಿರಲಿಲ್ಲ.

ಅಂದರೆ, ಸತ್ಯ ಹೇಳಿದ್ದಕ್ಕೆ ಆ ಮನುಷ್ಯ ದಂಡ ತೆತ್ತರು. ದಂಡ ವಿಧಿಸಿದವನು ನಾನು. ನಮಗೆ ಸೂಜಿಗೆ ದುಡ್ಡು ಕೊಡಲು ಗೊತ್ತಿದೆ, ಮಾತಿಗೆ ಕೊಡಲು ಗೊತ್ತಿಲ್ಲ. ಬೇಡದ ಸೂಜಿ ಚುಚ್ಚುವ ವೈದ್ಯರನ್ನು ನಾವೇ ಸಾಕುತ್ತೇವೆ. ಆಮೇಲೆ ಕಾಲ ಕೆಟ್ಟಿತೆಂದು ಜಗುಲಿಯ ಮೇಲೆ ಕುಳಿತು ನಿಟ್ಟುಸಿರು ಬಿಡುತ್ತೇವೆ. ಬೇಡವೆಂಬ ಮಾತಿಗೆ ಬೆಲೆಯಿದೆಯೆಂದು ನಾನು ಬರೆಯುವುದು ಸುಲಭ. ಆ ಬೆಲೆಯನ್ನು ಯಾರಾದರೂ ಕೊಡಬೇಕು. ಗಿರಾಕಿ ಕೊಡದಿದ್ದರೆ ವೈದ್ಯ ತನ್ನ ಹೊಟ್ಟೆಯಿಂದ ಕೊಡಬೇಕಾಗುತ್ತದೆ. ಅವನೂ ಕೊಡಲಾರದೆ ಹೋದಾಗ ಮೂಕಪ್ರಾಣಿ ಕೊಡುತ್ತದೆ.

ಅಳಿಯನಿಗೆ ಈ ಕಥೆಯನ್ನೂ ಹೇಳಿದೆ. ಅವನು ನಗಲಿಲ್ಲ. "ಹಾಗಾದರೆ ನೋಡಿದ್ದಕ್ಕೆ ಫೀಜು ಬೇರೆ, ಮದ್ದಿಗೆ ಬೇರೆ ಅಂತ ಮೊದಲೇ ಹಾಕಿಬಿಡೋಣ" ಎಂದ. ಅದು ಸರಿಯೆನಿಸಿತು. ಕರಪತ್ರದಲ್ಲಿ ಹೆಸರು, ವಿಳಾಸ, ವೇಳೆ, ಪರೀಕ್ಷೆಯ ಫೀಜು ಬರೆದೆ. ಹುಚ್ಚುನಾಯಿ ರೋಗದ ಲಸಿಕೆ ವರ್ಷಕ್ಕೊಮ್ಮೆ ಹಾಕಿಸಬೇಕೆಂದೂ ಅದು ಸರ್ಕಾರಿ ಆಸ್ಪತ್ರೆಯಲ್ಲೂ ದೊರೆಯುವುದೆಂದೂ ಬರೆದೆ. ಕೊನೆಗೆ ಹುರುಪಿನಿಂದ ಒಂದು ಸಾಲು ಸೇರಿಸಿದೆ: "ಬೇಡವಾದ ಚಿಕಿತ್ಸೆಯನ್ನು ಇಲ್ಲಿ ಬೇಡವೆಂದೇ ಹೇಳಲಾಗುವುದು."

ಅವನು ಓದಿ, ಪೆನ್ನು ಕೇಳಿ, ಆ ಸಾಲನ್ನು ಹೊಡೆದುಹಾಕಿದ. "ಇದನ್ನು ಅಚ್ಚುಮಾಡಿಸಿದರೆ ಇದೂ ಒಂದು ಜಾಹೀರಾತೇ ಆಯಿತಲ್ಲ ಮಾವ. ಹೇಳಬೇಕಾದಾಗ ಮೇಜಿನ ಹತ್ತಿರ ಹೇಳಿದರಾಯಿತು" ಎಂದ. ಬರೆಯುವವನಿಗೆ ತಾನು ಬರೆದ ಒಳ್ಳೆಯ ಸಾಲು ಹೋದರೆ ದುಃಖ. ಆದರೂ, ಅವನಲ್ಲಿ ನನಗೆ ನಂಬಿಕೆ ಹುಟ್ಟಿದ್ದು ಆ ಗಳಿಗೆಯಲ್ಲಿಯೇ.

ಈಗ ಅವನ ಗಿರಾಕಿಗಳು ಸ್ವಲ್ಪ ಹೆಚ್ಚಿದ್ದಾರೆ, ಬಹಳವೇನೂ ಅಲ್ಲ. ಐದನೆಯ ತಾರೀಖು ಎಂದಿನಂತೆ ಬರುತ್ತಿದೆ. ನಾನು ಮಾತ್ರ ಮೊನ್ನೆ ಆ ಹಳೆಯ ವೈದ್ಯರಲ್ಲಿಗೆ ಹೋಗಿ, ನಾಲ್ಕು ವರ್ಷದ ಬಾಕಿಯನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಅವರಿಗೆ ನನ್ನ ಗುರುತು ಸಿಕ್ಕಲಿಲ್ಲ. ನಾಯಿಯ ಹೆಸರು ಹೇಳಿದೆ, ಕೂಡಲೇ ನೆನಪಾಯಿತು.