ತಟಸ್ಥವರ್ಣ

ಯಾವ ಪಕ್ಷಕ್ಕೂ ವಾಲದ ಮನಸ್ಸು ಮನುಷ್ಯನಿಗೆ ಸಾಧ್ಯವೆ, ಸಾಧ್ಯವಾದರೆ ಅದರ ಸ್ವರೂಪವೇನು ಎಂಬುದು ನಮ್ಮ ದೇಶದ ದಾರ್ಶನಿಕರನ್ನು ಬಹುಕಾಲ ಕಾಡಿದ ಪ್ರಶ್ನೆ. ಭಗವದ್ಗೀತೆಯು ಹನ್ನೆರಡನೆಯ ಅಧ್ಯಾಯದಲ್ಲಿ ಭಕ್ತನ ಲಕ್ಷಣಗಳನ್ನು ಹೇಳುವಾಗ ಅವನನ್ನು ಉದಾಸೀನನೆಂದು ಕರೆಯುತ್ತದೆ. ಹದಿನಾಲ್ಕನೆಯದರಲ್ಲಿ ಗುಣಾತೀತನು ಉದಾಸೀನನಂತೆ ಕುಳಿತಿರುವನೆನ್ನುತ್ತದೆ. ಪತಂಜಲಿಯ ಯೋಗಸೂತ್ರವು ಮೈತ್ರಿ, ಕರುಣೆ, ಮುದಿತೆಗಳ ತರುವಾಯ ಉಪೇಕ್ಷೆಯನ್ನಿಡುತ್ತದೆ. ಬೌದ್ಧರ ನಾಲ್ಕು ಬ್ರಹ್ಮವಿಹಾರಗಳಲ್ಲಿ ಕಡೆಯದೂ ಅದೇ. ಜೈನರ ತತ್ತ್ವಾರ್ಥಸೂತ್ರದಲ್ಲಿ ಆ ನಾಲ್ಕನೆಯ ಸ್ಥಾನದಲ್ಲಿರುವುದು ಮಾಧ್ಯಸ್ಥ್ಯ. ತಮ್ಮತಮ್ಮಲ್ಲಿ ಅಷ್ಟೊಂದು ವಾದಮಾಡಿದ ಮೂರು ಮತಗಳು ಒಂದೇ ಗುಣವನ್ನು, ಸ್ನೇಹ ಕರುಣೆ ಸಂತೋಷಗಳೆಲ್ಲ ಆದ ಬಳಿಕ, ಕೊನೆಗೆ ಇಟ್ಟಿರುವುದನ್ನು ನೋಡಿದರೆ, ಇದು ಹೊಸಬನ ಕೈಗೆ ಸುಲಭವಾಗಿ ದಕ್ಕುವ ಗುಣವಲ್ಲವೆಂಬ ಅನುಭವವು ಆ ಕ್ರಮದ ಹಿಂದೆ ಇದ್ದಿರಬೇಕೆಂದು ನನಗೆ ತೋರುತ್ತದೆ.

ಲೋಕವ್ಯವಹಾರದಲ್ಲಾದರೋ ನಾವು ತಟಸ್ಥತೆಯನ್ನು ಎಲ್ಲಕ್ಕಿಂತ ಅಗ್ಗದ ಗುಣವೆಂದೆಣಿಸಿರುವೆವು. ಎರಡು ತುದಿಗಳ ನಡುವೆ ನಿಂತವನು ತಟಸ್ಥ. ಬಿಳಿಗೆ ಕಪ್ಪನ್ನು ಬೆರೆಸಿದರೆ ಬೂದು. ಇಷ್ಟೇ ನಮ್ಮ ಲೆಕ್ಕ. ಈ ಲೆಕ್ಕ ಎಷ್ಟು ತಪ್ಪಿನದೆಂಬುದನ್ನು ನನಗೆ ಕಣ್ಣಾರೆ ತೋರಿಸಿದ್ದು ಹೈದರಾಬಾದಿನ ಬರ್ಕತ್‌ಪುರದಲ್ಲಿರುವ ನಮ್ಮ ಅಕ್ಕನ ಮನೆಯ ಒಂದು ಕೋಣೆ. 1956ರ ನವೆಂಬರ್ 1ರಂದು ಕಲಬುರಗಿ, ಬೀದರ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ನೌಕರಿಯ ಕಾರಣದಿಂದ ಹೈದರಾಬಾದಿನಲ್ಲಿಯೇ ಉಳಿದುಕೊಂಡ ಕನ್ನಡ ಮನೆತನಗಳಲ್ಲಿ ಭಾವನವರದೂ ಒಂದು. ಕಾಚಿಗೂಡದ ನೃಪತುಂಗ ಶಾಲೆಯಲ್ಲಿ ಕನ್ನಡ ಓದಿದ ಅವರು, ಕಚೇರಿಯ ಕೆಲಸದಿಂದ ನಿವೃತ್ತರಾದ ಮೇಲೆ, ಮನೆಯ ಉತ್ತರದ ಕೋಣೆಯನ್ನು ತಮ್ಮ ಇಷ್ಟಲಿಂಗಪೂಜೆಗೂ ಓದಿಗೂ ಇಟ್ಟುಕೊಂಡಿದ್ದಾರೆ. ಅದರ ಗೋಡೆಗಳಿಗೆ ಹೊಸದಾಗಿ ಬಣ್ಣ ಬಳಿಸುವ ಸಂದರ್ಭ ಬಂದಾಗ ಅಕ್ಕ ಬೂದುಬಣ್ಣವೇ ಆಗಬೇಕೆಂದಳು. ಆಕೆಯ ಕಾರಣ ಸರಳವಾಗಿತ್ತು: ಹಳೆಯ ತೇಗದ ಕಪಾಟು, ಕೆಂಪು ಬಟ್ಟೆಯಲ್ಲಿ ಸುತ್ತಿದ ಹೊತ್ತಗೆಗಳ ಕಟ್ಟುಗಳು, ವಿಭೂತಿಯ ಬಟ್ಟಲು, ಇವುಗಳಲ್ಲಿ ಯಾವುದರ ತಂಟೆಗೂ ಹೋಗದೆ ಹಿಂದೆ ನಿಲ್ಲುವ ಬಣ್ಣವೊಂದು ಬೇಕು.

ಪೇಟೆಯ ಅಂಗಡಿಯಲ್ಲಿ ಶೇಡ್ ಕಾರ್ಡ್ ನೋಡಿ ಮೂರು ಬೂದುಗಳನ್ನು ಆರಿಸಿ, ಒಂದೊಂದು ಚಿಕ್ಕ ಡಬ್ಬಿ ತಂದು, ಪುಟ್ಟಿ ಹಾಕಿ ಉಜ್ಜಿದ ಗೋಡೆಯ ಮೇಲೆ ಮೊಳದಗಲ ಬಳಿಸಿದ್ದಾಯಿತು. ಹಳೆಯ ಪಟ್ಟಣದಿಂದ ಬಂದಿದ್ದ, ದಖ್ಖನಿ ಮಾತಾಡುವ ಪೇಂಟರು ಒಣಗುವವರೆಗೆ ನೋಡಬೇಡಿರೆಂದು ಹೇಳಿ ಹೋದ. ಒಣಗಿದ ಮೇಲೆ ನೋಡಿದರೆ ಮೂರು ಪಟ್ಟಿಗಳೂ ಮೂರು ದಾರಿ ಹಿಡಿದಿದ್ದವು. ಒಂದರಲ್ಲಿ ನೇರಿಳೆಯ ನೆರಳು ಇಣುಕುತ್ತಿತ್ತು; ಇನ್ನೊಂದು ಹೊತ್ತು ಇಳಿದಂತೆ ಸ್ಪಷ್ಟವಾಗಿ ನೀಲಿಯಾಯಿತು; ಕಪಾಟಿನ ಪಕ್ಕದ ಮೂರನೆಯದು ಹಾಸುಗಲ್ಲಿನ ಪಾಚಿಯ ಹಾಗೆ ತುಸು ಹಸಿರಾಗಿ ಕಂಡಿತು. “ಅಂಗಡ್ಯಾಗ ಮೂರೂ ಒಂದೇ ಇದ್ವು. ಇಲ್ಲಿ ಬಂದು ಒಂದೊಂದು ಒಂದೊಂದು ಆಗ್ಯಾವ ನೋಡೋ ತಮ್ಮಾ” ಎಂದಳು ಅಕ್ಕ. ಯಾರ ಗೊಡವೆಗೂ ಹೋಗದಿರಲೆಂದು ಆರಿಸಿದ ಬಣ್ಣವೇ ಆ ಕೋಣೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಪಕ್ಷ ವಹಿಸಿತ್ತು.

ಇದರ ಲೌಕಿಕ ಕಾರಣಗಳನ್ನು ಮೊದಲು ತಿಳಿದುಕೊಳ್ಳುವುದು ಯುಕ್ತ. ಬಿಳಿಯ ಮೂಲಬಣ್ಣಕ್ಕೆ ಕರಿದನ್ನಷ್ಟೇ ಕೂಡಿಸಿದರೆ ಬರುವ ಬೂದು ಸಾಮಾನ್ಯವಾಗಿ ನೀಲಿಯ ಕಡೆಗೆ ಸರಿಯುತ್ತದೆ. ಅದನ್ನು ತಡೆಯಲು ಬೆರೆಸುವ ಯಂತ್ರದಲ್ಲಿ ಹಳದಿಯ ಕೆಲವು ಹನಿ, ಕೆಮ್ಮಣ್ಣಿನ ಬಣ್ಣದ ಒಂದೆರಡು ಹನಿ ಹಾಕುವರು. ಹೀಗಾಗಿ ಪ್ರತಿಯೊಂದು ಡಬ್ಬಿಯ ಬೂದಿನ ಒಡಲಲ್ಲಿಯೂ ಒಂದು ಒಲವು ಅಡಗಿರುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಡಿಯಲ್ಲಿ ಅದು ಮುಖ ತೋರದೆ ಹೋಗಿ, ಮನೆಯ ಹಗಲಿನಲ್ಲಿ ಬಯಲಾಗುವುದುಂಟು. ‘ನಡು’ ಎಂಬುದಾದರೂ ನಾವು ತಿಳಿದಷ್ಟು ನಿಶ್ಚಿತವಲ್ಲ: ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಐವತ್ತು ಪಾಲನ್ನು ಹಿಂದಿರುಗಿಸುವ ಬೂದು ನಮ್ಮ ಕಣ್ಣಿಗೆ ಸಾಕಷ್ಟು ತಿಳಿಬಣ್ಣದ್ದಾಗಿಯೇ ಕಾಣುತ್ತದೆ, ಬಿಳಿ ಕಪ್ಪುಗಳ ಸರಿನಡುವಿನದೆಂದು ಕಣ್ಣು ಒಪ್ಪುವುದು ಸುಮಾರು ನೂರಕ್ಕೆ 18 ಪಾಲು ಮಾತ್ರ ಹಿಂದಿರುಗಿಸುವ ಬೂದನ್ನು. ಅಳತೆಗೋಲಿನ ಮಧ್ಯವೇ ಬೇರೆ, ಅನುಭವದ ಮಧ್ಯವೇ ಬೇರೆ. ವಾದಿ ಪ್ರತಿವಾದಿಗಳಿಬ್ಬರಿಂದಲೂ ಸಮದೂರದಲ್ಲಿ ನಿಂತೆನಾದ್ದರಿಂದ ನಾನು ನಿಷ್ಪಕ್ಷಪಾತಿಯೆಂದು ಹೇಳಿಕೊಳ್ಳುವವನಿಗೆ ಈ 18 ಎಂಬ ಸಂಖ್ಯೆಯೊಂದೇ ಸಾಕಾದ ಉತ್ತರವೆಂದು ನಾನು ತಿಳಿಯುತ್ತೇನೆ.

ಬೆಳಕಿನ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಉತ್ತರದ ಕೋಣೆಗೆ ಬರುವುದು ಆಕಾಶದ ನೀಲಿ ಬೆಳಕೇ ಹೊರತು ಬಿಸಿಲಲ್ಲವೆಂದು ಶೀತದೇಶಗಳ ಪುಸ್ತಕಗಳು ಬೋಧಿಸುತ್ತವೆ. ಆದರೆ ಹೈದರಾಬಾದು ಇರುವುದು ಭೂಮಧ್ಯರೇಖೆಯಿಂದ ಹದಿನೇಳೂವರೆ ಡಿಗ್ರಿಯೊಳಗೆ. ಮೇ ತಿಂಗಳ ಎರಡನೆಯ ವಾರದಿಂದ ಜುಲೈ ಕೊನೆಯವರೆಗೆ ನಡುಹಗಲ ಸೂರ್ಯನು ಅಲ್ಲಿ ನೆತ್ತಿಯಿಂದ ತುಸು ಉತ್ತರಕ್ಕೆ ಸರಿದಿರುತ್ತಾನೆ, ಮುಂಜಾನೆ ಸಂಜೆಗಳಲ್ಲಿ ಉತ್ತರದ ಕಿಟಕಿಯೊಳಗೆ ಓರೆಯಾಗಿ ಇಣುಕುತ್ತಾನೆ. ಭಾವನವರ ಕೋಣೆಯ ಗೋಡೆ ಪುಷ್ಯಮಾಸದಲ್ಲಿ ಒಂದು ಬಣ್ಣದ್ದು, ಜ್ಯೇಷ್ಠದಲ್ಲಿ ಇನ್ನೊಂದು ಬಣ್ಣದ್ದು.

ಹಾಗಾದರೆ ಬಣ್ಣವಿರುವುದು ವಸ್ತುವಿನಲ್ಲಿಯೋ, ಬೆಳಕಿನಲ್ಲಿಯೋ, ನೋಡುವವನ ಕಣ್ಣಿನಲ್ಲಿಯೋ? ನೈಯಾಯಿಕರು ಅದನ್ನು ವಸ್ತುವಿನಲ್ಲಿಯೇ ನೆಲೆಗೊಳಿಸಿ, ರೂಪವೆಂಬ ಗುಣವೆಂದು ಕರೆದರು. ಅನ್ನಂಭಟ್ಟನ ತರ್ಕಸಂಗ್ರಹವು ಶುಕ್ಲ, ನೀಲ, ಪೀತ, ರಕ್ತ, ಹರಿತ, ಕಪಿಶ, ಚಿತ್ರ ಎಂದು ಏಳು ರೂಪಗಳನ್ನು ಎಣಿಸುತ್ತದೆ. ಬೂದಿಗೆ ಅಲ್ಲಿ ಪ್ರತ್ಯೇಕವಾದ ಮಣೆಯಿಲ್ಲ. ಅದನ್ನು ಎಲ್ಲಿಯಾದರೂ ಕೂಡಿಸಲೇಬೇಕೆಂದರೆ ‘ಚಿತ್ರ’ದ ಪಕ್ಕದಲ್ಲಿ ಕೂಡಿಸಬೇಕೆಂದು ನನ್ನ ಮತ, ಇದಕ್ಕೆ ಆಧಾರ ಹೈದರಾಬಾದಿನ ಬಂಡೆಗಳು. ಗೋಲ್ಕೊಂಡದಲ್ಲಿಯೂ ಬಂಜಾರಾ ಹಿಲ್ಸ್‌ನಲ್ಲಿಯೂ ಒಂದರ ಮೇಲೊಂದು ನಿಂತಿರುವ, ಸುಮಾರು 250 ಕೋಟಿ ವರ್ಷ ವಯಸ್ಸಿನ ಆ ಕಣಶಿಲೆಯ ಗುಂಡುಗಳು ದೂರದಿಂದ ಅಚ್ಚ ಬೂದು. ಹತ್ತಿರ ಹೋಗಿ, ಹೊಸದಾಗಿ ಒಡೆದ ಮೈಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಬೂದೆಂಬುದೇ ಇಲ್ಲ: ಗಾಜಿನಂಥ ಸ್ಫಟಿಕಕಣ, ಹಾಲುಬಿಳುಪಿನ ಮತ್ತು ನಸುಗೆಂಪಿನ ಹರಳು, ನಡುನಡುವೆ ಉಗುರಿನಿಂದ ಕಿತ್ತರೆ ಪದರಪದರವಾಗಿ ಏಳುವ ಕಪ್ಪು ಕಾಗೆಬಂಗಾರ. ನಾನಾ ಬಣ್ಣದ ನೂಲಿನಿಂದ ನೇಯ್ದ ಬಟ್ಟೆಗೆ ಚಿತ್ರವೆಂಬ ಒಂದೇ ರೂಪವೋ, ಅಥವಾ ಎಳೆಗಳಿಗೆ ಸೇರಿದ ಹಲವು ರೂಪಗಳೋ ಎಂದು ಪ್ರಾಚೀನರೂ ನವ್ಯರೂ ವಾದಿಸಿದರಷ್ಟೆ. ಆ ವಾದ ಈ ಕಲ್ಲಿನ ಮುಂದೆ ಬರಿಯ ಪಾಂಡಿತ್ಯವಾಗಿ ಉಳಿಯುವುದಿಲ್ಲ. ಒಬ್ಬ ಮನುಷ್ಯನನ್ನು ಸಮಚಿತ್ತನೆಂದು ನಾವು ಕರೆಯುವಾಗಲೂ ಬಹುಶಃ ದೂರದಿಂದಲೇ ಕರೆಯುತ್ತೇವೆ. ಸಮೀಪದಲ್ಲಿ ಅವನೂ ರಾಗದ್ವೇಷಗಳ ಕಣಗಳಿಂದಲೇ ಆದವನು. ಅವು ಒಂದನ್ನೊಂದು ತೂಗಿಕೊಂಡಿರುವುದರಿಂದ ನಮಗೆ ಒಂದೇ ಬಣ್ಣವಾಗಿ ಕಾಣುತ್ತಾನೆ. ಅದು ಅಲ್ಪವಾದ ಸಾಧನೆಯೇನೂ ಅಲ್ಲ. ಆದರೆ ಬೆಳಕು ತಿರುಗಿದೊಡನೆ ತೂಕವೂ ತಪ್ಪಬಹುದಾದ ಸಮತೆ ಅದು.

ಇನ್ನು ಮೂರನೆಯ ಪಟ್ಟಿಯ ಹಸಿರಿನ ವಿಚಾರ. ಅಕ್ಕ ಕಪಾಟಿನ ಅಂಚಿನಲ್ಲಿದ್ದ ಕೆಂಪು ಬಟ್ಟೆಯ ಕಟ್ಟುಗಳನ್ನು ಎತ್ತಿ ಆಚೆ ಇಟ್ಟಳು, ಹಸಿರು ಹೋಯಿತು. ತಂದಿಟ್ಟಳು, ಮತ್ತೆ ಬಂದಿತು. ಪ್ಯಾರಿಸ್ಸಿನ ಗೊಬ್ಲಾ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನು, ಕರಿಯ ನೂಲು ಕಳೆಗುಂದಿದೆಯೆಂಬ ದೂರನ್ನು ವಿಚಾರಿಸಲು ಹೋಗಿ, ದೋಷವಿದ್ದದ್ದು ನೂಲಿನಲ್ಲಲ್ಲ, ನೆರೆಯ ಬಣ್ಣದಲ್ಲಿ ಎಂದು ಕಂಡುಕೊಂಡು, 1839ರಲ್ಲಿ ಆ ತತ್ತ್ವವನ್ನು ದೊಡ್ಡ ಗ್ರಂಥವಾಗಿ ಪ್ರಕಟಿಸಿದನು. ಅವನು ತೋರಿಸಿದಂತೆ, ಕೆಂಪಿನ ಪಕ್ಕದ ಬೂದು ಕೆಂಪಾಗುವುದಿಲ್ಲ. ಕೆಂಪಿನ ವಿರುದ್ಧವರ್ಣವಾದ ಹಸಿರಿನ ಕಡೆಗೆ ತಿರುಗುತ್ತದೆ. ನಮ್ಮ ವೇದಾಂತಿಗಳ ಪ್ರಸಿದ್ಧ ದೃಷ್ಟಾಂತದಲ್ಲಿ ದಾಸವಾಳದ ಬಳಿಯಿರುವ ಸ್ಫಟಿಕವು ಕೆಂಪಾಗಿ ತೋರುತ್ತದೆ. ಸ್ಫಟಿಕ ನೆರೆಯನ್ನು ಅನುಕರಿಸುತ್ತದೆ. ಬೂದು ನೆರೆಯನ್ನು ಪ್ರತಿಭಟಿಸುತ್ತದೆ. ಈ ಭೇದವನ್ನು ಅಂದು ಆ ಗೋಡೆಯ ಮುಂದೆ ನಿಂತು ಗ್ರಹಿಸಿದಾಗ ತಟಸ್ಥತೆಯನ್ನು ಕುರಿತ ನನ್ನ ವಿಚಾರವೆಲ್ಲ ಬೇರೆ ದಾರಿಗೆ ತಿರುಗಿತು. ಸುತ್ತಣ ಜನರ ಬಣ್ಣ ಹಿಡಿದುಕೊಳ್ಳುವ ಮೃದುಮನಸ್ಕನ ದೌರ್ಬಲ್ಯವನ್ನು ಎಲ್ಲರೂ ಬಲ್ಲರು. ತಾನು ಯಾರಿಗೂ ಸೇರಿದವನಲ್ಲವೆಂದು ಹೆಮ್ಮೆಪಡುವವನ ದೌರ್ಬಲ್ಯ ಅಷ್ಟು ಸುಲಭವಾಗಿ ಕಾಣದು: ಭಕ್ತರ ನಡುವೆ ಅವನು ಸಂದೇಹವಾದಿ, ನಾಸ್ತಿಕರ ನಡುವೆ ಆಸ್ತಿಕ, ಅಣ್ಣತಮ್ಮಂದಿರ ಜಗಳದಲ್ಲಿ ಯಾರ ದನಿ ಜೋರೋ ಅವನಿಗೆ ಎದುರು, ಮತ್ತು ಇದನ್ನೇ ಸಮತೋಲನವೆಂದು ನಂಬಿರುತ್ತಾನೆ. ಅವನ ಬಣ್ಣವನ್ನು ನಿರ್ಣಯಿಸುವುದು ಕೊನೆಗೂ ನೆರೆಯವನೇ.

ಇಷ್ಟಾದ ಮೇಲೆ ನಿಜವಾದ ತಾಟಸ್ಥ್ಯವೆಂಬುದೇ ಇಲ್ಲವೆಂದು ತೀರ್ಮಾನಿಸಿ ಸುಮ್ಮನಾಗುವವರುಂಟು. ಆ ತೀರ್ಮಾನವನ್ನು ನಾನು ಒಪ್ಪಲಾರೆ. ಎಲ್ಲ ಗೋಡೆಗಳೂ ಬಣ್ಣಗೊಂಡಿವೆಯೆಂದು ತಿಳಿದುಕೊಳ್ಳುವುದಕ್ಕಾದರೂ ಒಂದು ಬೆಳಕು ಬೇಕಲ್ಲವೆ? ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾದ ಪಂಚದಶಿಯ ಹತ್ತನೆಯ ಪ್ರಕರಣಕ್ಕೆ ನಾಟಕದೀಪವೆಂದು ಹೆಸರು. ರಂಗಶಾಲೆಯಲ್ಲಿಟ್ಟ ದೀಪವು ಪ್ರಭುವನ್ನೂ ಸಭಿಕರನ್ನೂ ನರ್ತಕಿಯನ್ನೂ ಸಮವಾಗಿ ಬೆಳಗುತ್ತದೆ, ಅವರೆಲ್ಲ ಎದ್ದುಹೋದ ಮೇಲೂ ಬೆಳಗುತ್ತಿರುತ್ತದೆ. ಸಾಕ್ಷಿಚೈತನ್ಯವು ಹಾಗೆ ಎಂಬುದು ಅಲ್ಲಿಯ ನಿರೂಪಣೆ. ಆ ರೂಪಕದಲ್ಲಿ ಬುದ್ಧಿಗೆ ದೊರೆತಿರುವುದು ದೀಪದ ಸ್ಥಾನವಲ್ಲ, ನರ್ತಕಿಯದು; ಅಹಂಕಾರಕ್ಕೆ ಪ್ರಭುವಿನದು. ನಾವು ಮಾಡುವ ಅಪರಾಧ ಇದೇ: ಬುದ್ಧಿಯು ತುಸು ಶಾಂತವಾದೊಡನೆ, ಅದರ ಬಣ್ಣ ತುಸು ಮಾಸಿದೊಡನೆ, ಅದನ್ನೇ ಸಾಕ್ಷಿಯೆಂದು ಭಾವಿಸಿ ಅನ್ಯರ ಮೇಲೆ ತೀರ್ಪು ಕೊಡಲು ಕೂಡುತ್ತೇವೆ. ಬೂದಾದ ಮಾತ್ರಕ್ಕೆ ಗೋಡೆ ದೀಪವಾಗುವುದಿಲ್ಲ.

ಭಾವನವರು ಹಣೆಗೆ ಧರಿಸುವ ವಿಭೂತಿಯನ್ನು ಕುರಿತು ಅವರೇ ಒಮ್ಮೆ ಹೇಳಿದ ಮಾತನ್ನು ಇಲ್ಲಿ ಸ್ಮರಿಸಬೇಕು. ಸಗಣಿಯನ್ನು ಸುಟ್ಟಾಗ ಉರಿ ಸಾಲದೆ ಹೋದರೆ ಭಸ್ಮವು ಬೂದಾಗಿ ಉಳಿಯುತ್ತದೆ, ಇದ್ದಿಲಿನ ಅಂಶ ಅದರಲ್ಲಿ ಇನ್ನೂ ಇರುತ್ತದೆ. ಮತ್ತೆ ಚೆನ್ನಾಗಿ ಬೇಯಿಸಿದರೆ ಬೆಳ್ಳಗಾಗುತ್ತದೆ. ಸಾಧಕನ ಸಮಚಿತ್ತವೂ ಬಹುಮಟ್ಟಿಗೆ ಆ ನಡುವಣ ಅವಸ್ಥೆಯದು. ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ, ಸುಡದೆ ಉಳಿದದ್ದು ಯಾವುದೆಂದು ಗೊತ್ತಿದ್ದರೆ ಸಾಕು. ಭಾವನವರು ಕೊಲನುಪಾಕಕ್ಕೆ ಹೋಗಿಬರುವ ರೂಢಿಯುಳ್ಳವರು. ಹೈದರಾಬಾದಿನಿಂದ ಸುಮಾರು 80 ಕಿಲೋಮೀಟರ್ ದೂರದ ಆ ಊರಿನ ಸೋಮೇಶ್ವರಲಿಂಗದಿಂದ ರೇಣುಕಾಚಾರ್ಯರು ಉದ್ಭವಿಸಿದರೆಂದು ವೀರಶೈವ ಪರಂಪರೆ ನಂಬುತ್ತದೆ. ಅದೇ ಊರಿನಲ್ಲಿ ಪ್ರಾಚೀನವಾದ ಜಿನಾಲಯವೂ ಉಂಟು. ಆ ಜೈನರ ತತ್ತ್ವಾರ್ಥಸೂತ್ರ ಮಾಧ್ಯಸ್ಥ್ಯವನ್ನು ಯಾರ ವಿಷಯದಲ್ಲಿ ತಾಳಬೇಕೆಂದು ಹೇಳುತ್ತದೆಂಬುದು ಗಮನಾರ್ಹ: ಸಕಲಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ಮಾಧ್ಯಸ್ಥ್ಯವಾದರೋ ಅವಿನೀತರಲ್ಲಿ. ಯೋಗಸೂತ್ರದ ಉಪೇಕ್ಷೆಯೂ ಅಪುಣ್ಯವಂತರನ್ನು ಕುರಿತದ್ದೇ. ನಮ್ಮನ್ನು ಕೆರಳಿಸುವವನ ಎದುರಿನಲ್ಲಿ, ಕೆಂಪಿನ ಪಕ್ಕದಲ್ಲಿ ಹಸಿರಾಗಲು ಮನಸ್ಸು ತವಕಿಸುವ ಕಡೆಯಲ್ಲಿಯೇ, ಆ ಗುಣವನ್ನು ಅವರು ಬೇಡಿದರು. ಶಾಂತರ ನಡುವೆ ಶಾಂತನಾಗಿರುವವನಿಗೆ ಅದರ ಅವಶ್ಯಕತೆಯೇ ಇಲ್ಲ.

ಅಕ್ಕ ಕೊನೆಗೆ ಆರಿಸಿದ್ದು ಮೂರರಲ್ಲಿ ಯಾವುದನ್ನೂ ಅಲ್ಲ. ಹಳದಿಯ ಒಲವು ಕಾರ್ಡಿನ ಮೇಲೆಯೇ ಕಾಣುತ್ತಿದ್ದ, ಬೂದೆಂದು ಅಷ್ಟಾಗಿ ಹೇಳಿಕೊಳ್ಳದ ನಾಲ್ಕನೆಯದೊಂದನ್ನು ತರಿಸಿ, ಮುಂಜಾನೆ, ನಡುಹಗಲು, ಮುಸ್ಸಂಜೆ, ದೀಪ ಹಚ್ಚಿದ ಹೊತ್ತು, ಹೀಗೆ ವಾರವೆಲ್ಲ ನೋಡಿ ಒಪ್ಪಿದಳು. ಒಲವು ಇಂಥದೆಂದು ಮೊದಲೇ ಗೊತ್ತಿದ್ದುದರಿಂದ ಕಿಟಕಿಗೆ ಯಾವ ಪರದೆ, ಕೆಂಪು ಕಟ್ಟುಗಳಿಗೆ ಯಾವ ಗೋಡೆ ಎಂಬುದನ್ನು ಆಕೆ ಗೊಂದಲವಿಲ್ಲದೆ ನಿರ್ಧರಿಸಿದಳು. ಪೇಂಟರು ಎರಡನೆಯ ಕೋಟು ಮುಗಿಸಿದ್ದಾನೆ. ಕಿಟಕಿಯ ಪಕ್ಕದ ಗೋಡೆಯೊಂದನ್ನು ಮಾತ್ರ, ಜ್ಯೇಷ್ಠದ ಬಿಸಿಲು ಒಳಗೆ ಬಂದಾಗ ಇನ್ನೊಮ್ಮೆ ನೋಡಿ ಹೇಳುವೆನೆಂದು, ಒಂದೇ ಕೋಟಿಗೆ ನಿಲ್ಲಿಸಿದ್ದಾಳೆ.