ಇಳಿಯದೆ ಹೋಗುವ ಹಾದಿ

ಇದು ಸೈಕಲ್ಲಿನ ಬಗ್ಗೆ ಬರೆದದ್ದು. ಗುಡ್ಡದ ಮೇಲಿಂದ ಆಟಕ್ಕೆಂದು ಇಳಿಸುವ ಸೈಕಲ್, ಮೌಂಟೇನ್ ಬೈಕ್ ಅಂತಾರಲ್ಲ, ಅದು. ಹೀಗೊಂದು ಬರೆಯುತ್ತೇವೆ ಅಂದಾಗ ಸಂಘಟನೆಯ ಹಿರಿಯರೊಬ್ಬರು ನಕ್ಕುಬಿಟ್ಟರು. "ಕೂಲಿ ಬಗ್ಗೆ ಬರಿ, ಸುಡುಗಾಡಿನ ಜಾಗಾದ ಬಗ್ಗೆ ಬರಿ. ಉಂಡದ್ದು ಅರಗಲಾರದವರ ಆಟ ನಮಗ್ಯಾಕೋ ತಮ್ಮಾ?" ಅಂದರು. ಹೋರಾಟದಲ್ಲಿ ತಲೆ ನೆರೆತ ಮನುಷ್ಯ; ಅವರ ಮಾತು ತೆಗೆದುಹಾಕುವ ಧೈರ್ಯ ನಮಗಿಲ್ಲ. ಆದರೆ ಆಟ ನಮಗ್ಯಾಕೆ ಅಂದಕೂಡಲೆ, ಹಾಗಾದರೆ ಆಟ ಯಾರಿಗೆ ಅನ್ನುವ ಇನ್ನೊಂದು ಪ್ರಶ್ನೆ ಬೆನ್ನಿಗೇ ಬರುತ್ತದೆ. ಅದು ನಮ್ಮನ್ನು ಬಿಡಲಿಲ್ಲ.

ನಾವು ಈ ಆಟದ ಹಾದಿ ನೋಡಿದ್ದು ಸಲಿಕೆ ಹಿಡಿದು. ಮಳೆ ಕೈಕೊಟ್ಟ ವರ್ಷ ಹೂವಿನ ಹಿಪ್ಪರಗಿ ಸುತ್ತಿನ ಕೇರಿಗಳಲ್ಲಿ ಮನೆಮನೆಗೆ ಕೀಲಿ ಬೀಳುತ್ತದೆ. ಮುದುಕರು, ಸಾಲಿಗೆ ಹೋಗುವ ಹುಡುಗರು ಹಿಂದುಳಿಯುತ್ತಾರೆ. ದುಡಿಯುವ ಕೈಗಳೆಲ್ಲ ಬಸ್ಸು ಹತ್ತಿ ಘಟ್ಟ ಇಳಿಯುತ್ತವೆ: ಗೋವಾ, ಮಂಗಳೂರು, ಉಡುಪಿ. ಗೋವಾದಲ್ಲಿ ನಮ್ಮ ಮಂದಿಗೆ 'ಘಾಟಿ' ಅಂತ ಹೆಸರು. ಘಟ್ಟದ ಮೇಲಿನವರು ಅಂತ ಅದರ ಅರ್ಥ; ಬಾಯಿಂದ ಬರುವಾಗ ಬೈಗುಳವಾಗಿ ಬರುತ್ತದೆ. ಡಿಗ್ರಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ನಾವೂ ಹದಿನಾಲ್ಕು ಮಂದಿಯ ಗುಂಪಿನಲ್ಲಿ ಹೋದೆವು. ಕೆಲಸ ಸಿಕ್ಕಿದ್ದು ಘಟ್ಟದ ಇಳಿಜಾರಿನಲ್ಲಿ, ಒಂದು ರೆಸಾರ್ಟಿನ ಹಿಂದೆ. ಹಾದಿ ಕಡಿಯುವ ಕೆಲಸ.

ಮೇಸ್ತ್ರಿ ನಮ್ಮ ಕಡೆಯವನೇ. ಮೊದಲ ದಿನವೇ ಹೇಳಿದ: "ಕಲ್ಲು ಪೂರಾ ತೆಗೀಬ್ಯಾಡ್ರಿ, ಬೇರು ಕಡೀಬ್ಯಾಡ್ರಿ, ಹಾದಿ ನೆಟ್ಟಗ ಮಾಡಬ್ಯಾಡ್ರಿ." ನಮ್ಮವರಿಗೆ ತಲೆ ಕೆಟ್ಟಿತು. ಹಾದಿ ಕೆಟ್ಟದಾಗಿಯೇ ಇರಲಿ ಅಂತ ಪಗಾರ ಕೊಡುವವರನ್ನು ಜೀವಮಾನದಲ್ಲಿ ಕಂಡಿರಲಿಲ್ಲ. "ಇಂಥಾ ಹಾದಿ ನಮ್ಮ ಕೇರ್ಯಾಗ ಪುಕ್ಕಟ ಅದಾವಲ್ಲೋ, ಅಲ್ಲೇ ಬಂದು ಹೊಡೀರಿ ಅನ್ನು" ಅಂತ ನಮ್ಮ ಚಿಗವ್ವ ಬುಟ್ಟಿ ಇಳಿಸಿ ನಕ್ಕಳು. ಮೇಸ್ತ್ರಿಯೂ ನಕ್ಕ.

ಆದರೆ ಆ ಕೆಟ್ಟ ಹಾದಿಗೂ ಒಂದು ವಿದ್ಯೆ ಬೇಕು. ಘಟ್ಟದ ಮಳೆಯಲ್ಲಿ ನೀರು ಒಮ್ಮೆ ಹಾದಿ ಹಿಡಿಯಿತೆಂದರೆ ಹಾದಿಯೇ ಹಳ್ಳವಾಗುತ್ತದೆ. ಅದಕ್ಕೆ ಹಾದಿಯನ್ನು ಕಣಿವೆಯ ಕಡೆ ತುಸು ವಾಲಿಸಬೇಕು. ಇಳಿಜಾರಿನ ನಡುನಡುವೆ ಸಣ್ಣ ಏರು ಕೊಟ್ಟು ನೀರನ್ನು ಪಕ್ಕಕ್ಕೆ ಹೊರಳಿಸಬೇಕು. ತಿರುವಿನಲ್ಲಿ ಹೊರ ಅಂಚಿಗೆ ಮಣ್ಣು ಏರಿಸಿ ಬಡಿದು ಗಟ್ಟಿ ಮಾಡಬೇಕು, ಜೋರಾಗಿ ಬಂದ ಗಾಲಿ ಅದನ್ನೇ ಆತು ತಿರುಗುತ್ತದೆ. ನಕ್ಷೆ ಹಿಡಿದ ಹುಡುಗ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ನಮ್ಮವರು ಅರ್ಧ ಕೇಳುವಷ್ಟರಲ್ಲಿ ಮಾಡಿ ಮುಗಿಸುತ್ತಿದ್ದರು. ಡೋಣಿ ಸೀಮೆಯ ಎರಿ ಹೊಲಗಳಲ್ಲಿ ಬೇರೆಯವರ ಒಡ್ಡು ಹಾಕಿ ಹಾಕಿ ಪಳಗಿದ ಕೈ ಅವು. ನೀರಿಗೆ ಎಲ್ಲಿ ದಾರಿ ಬಿಡಬೇಕು ಅಂತ ಆ ಕೈಗಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕೊನೆಯ ವಾರ ಸವಾರರು ಬಂದರು. ತಲೆಗೆ ಹೆಲ್ಮೆಟ್, ಮೊಣಕಾಲಿಗೆ ಕವಚ. ಮೂರನೆಯ ತಿರುವಿನಲ್ಲಿ ಒಬ್ಬ ಹಾರಿ ಬಿದ್ದ. ನಾವು ಓಡಿಹೋಗಿ ಸೈಕಲ್ ಎತ್ತಿದೆವು. ಒಂದೇ ಕೈಗೆ ಎದ್ದುಬಂತು. ಅವನ ಮೊಣಕೈ ಕಿತ್ತು ರಕ್ತ ಸುರಿಯುತ್ತಿತ್ತು. ಅವನು ನಗುತ್ತಿದ್ದ. ನಮ್ಮ ಕೈ ಕುಲುಕಿದ, ಹೆಸರು ಕೇಳಿದ, ಅಡ್ಡಹೆಸರು ಕೇಳಲಿಲ್ಲ. ಕೆಟ್ಟ ಮನುಷ್ಯನಲ್ಲ ಅವನು, ಇದನ್ನು ಬರೆಯಲೇಬೇಕು. ಸೈಕಲ್ಲಿನ ಬೆಲೆಯನ್ನೂ ಮುಚ್ಚುಮರೆ ಇಲ್ಲದೆ ಹೇಳಿದ. ನಮ್ಮ ಹದಿನಾಲ್ಕು ಮಂದಿಯ ಒಂದು ತಿಂಗಳ ಪಗಾರ ಕೂಡಿಸಿದರೆ ಅದಕ್ಕೆ ಸರಿ ಆಗುತ್ತಿತ್ತು.

ಆ ರಾತ್ರಿ ತಗಡಿನ ಶೆಡ್ಡಿನಲ್ಲಿ ನಮಗೆ ನಿದ್ದೆ ಹತ್ತಲಿಲ್ಲ. ರೊಕ್ಕ ಕೊಟ್ಟು ಕಷ್ಟ ಕೊಳ್ಳುವುದು ಪಾಪವೇ? ಬಿದ್ದು ನಗುವುದು ತಪ್ಪೇ? ತಪ್ಪು ಅಂತ ಹೇಳಲು ನಮಗೆ ನಾಲಿಗೆ ಏಳಲಿಲ್ಲ. ತಪ್ಪಲ್ಲ ಅಂತ ಸುಮ್ಮನಾಗಲೂ ಆಗಲಿಲ್ಲ. ಅವನ ಕಷ್ಟಕ್ಕೆ ಒಂದು ಬಾಗಿಲಿದೆ. ಸಾಕು ಅನ್ನಿಸಿದಾಗ ಅವನು ಆ ಬಾಗಿಲಿನಿಂದ ಹೊರಗೆ ಬಂದು ಬಿಸಿನೀರು ಮೈಮೇಲೆ ಸುರಿದುಕೊಳ್ಳುತ್ತಾನೆ. ನಮ್ಮ ಚಿಗವ್ವನ ಕಷ್ಟಕ್ಕೆ ಬಾಗಿಲು ಇಟ್ಟವರಿಲ್ಲ.

ನಮ್ಮ ಕಡೆ ಸೈಕಲ್ ಹೊಡೆದವರಿಗೆ ಗೊತ್ತು: ಎರಿ ನೆಲಕ್ಕೆ ಮಳೆ ಬಿದ್ದರೆ ಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತದೆ, ಮಡ್‌ಗಾರ್ಡಿನ ಸಂದಿಯಲ್ಲಿ ತುಂಬಿ ಗಾಲಿ ತಿರುಗದಂತೆ ಬಿಗಿಯುತ್ತದೆ. ಕಡ್ಡಿ ಹಾಕಿ ಕೆದರಬೇಕು, ಹತ್ತು ಮಾರು ಹೋಗಬೇಕು, ಮತ್ತೆ ಕೆದರಬೇಕು. ಕೊನೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ಸಾಲಿಗೆ ಹೋಗಬೇಕು. 2006-07ರಿಂದ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಸುರುಮಾಡಿತು, ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಕೊರೊನಾ ಬಂದ ಮೇಲೆ ಅದು ನಿಂತುಹೋಯಿತು. ನಮ್ಮ ಕೇರಿಯಿಂದ ಹೈಸ್ಕೂಲ್ ಮುಗಿಸಿದ ಮೊದಲ ಹುಡುಗಿಯರು ಆ ಸೈಕಲ್ಲಿನ ಮೇಲೆಯೇ ಹೋಗಿ ಬಂದವರು. ಬ್ರೇಕು ಸರಿ ಇರಲಿಲ್ಲ, ವೆಲ್ಡಿಂಗ್ ಬಿಡುತ್ತಿತ್ತು ಅನ್ನುವುದು ಬೇರೆ ಮಾತು.

ಎರಿ ಮಣ್ಣಿನ ಕಷ್ಟ ನಿಸರ್ಗದ್ದು. ಅದಕ್ಕಿಂತ ಕಡಿದಾದ ಏರು ಒಂದಿದೆ, ಅದು ಸಪಾಟು ನೆಲದ ಮೇಲಿದೆ.

ನಾವು ಸಣ್ಣವರಿದ್ದಾಗ ಅಪ್ಪ ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಪಕ್ಕದ ಊರಿನ ಸಂತೆಗೆ ಹೋಗುತ್ತಿದ್ದ. ಆ ಊರಿನ ಒಂದು ಕಟ್ಟೆಯ ಹತ್ತಿರ ಬಂದಾಗಲೆಲ್ಲ ಇಳಿಯುತ್ತಿದ್ದ, ನಮ್ಮನ್ನೂ ಇಳಿಸುತ್ತಿದ್ದ. ಹಿಡಿಕೆ ಹಿಡಿದು, ತಲೆ ತಗ್ಗಿಸಿ, ತಳ್ಳಿಕೊಂಡು ಹೋಗುತ್ತಿದ್ದ. ಗುಡಿ ದಾಟಿದ ಮೇಲೆ ಮತ್ತೆ ಹತ್ತುತ್ತಿದ್ದ. "ಯಾಕಪ್ಪಾ?" ಅಂದರೆ "ಚೈನು ಬಿದ್ದೈತಿ" ಅನ್ನುತ್ತಿದ್ದ. ಆ ಕಟ್ಟೆಯ ಮುಂದೆ ಬಂದಾಗಲೇ ಅಪ್ಪನ ಸೈಕಲ್ಲಿನ ಚೈನು ಯಾಕೆ ಬೀಳುತ್ತದೆ ಅಂತ ನಾವು ಎಷ್ಟೋ ವರ್ಷ ಯೋಚಿಸಿದೆವು. ಏಳನೆಯ ತರಗತಿಯಲ್ಲಿದ್ದಾಗ ಅಪ್ಪನಿಲ್ಲದೆ ಒಬ್ಬರೇ ಹೋದೆವು. ಕಟ್ಟೆಯಿಂದ "ಇಳೀಲೇ" ಅಂತ ಕೂಗು ಬಂತು. ಅವತ್ತು ಚೈನು ಯಾಕೆ ಬೀಳುತ್ತಿತ್ತು ಅಂತ ತಿಳಿಯಿತು. ನಾವು ಇಳಿದೆವು, ಇದನ್ನೂ ಬರೆಯಬೇಕು. ಬಂಡಾಯದ ಪದ್ಯ ಬರೆಯುವ ಈ ಕೈ ಅವತ್ತು ಹಿಡಿಕೆ ಹಿಡಿದು ತಳ್ಳಿತು.

ಇದು ನಮ್ಮೊಬ್ಬರ ಮನೆಯ ಕಥೆಯಾಗಿದ್ದರೆ ದೇಶದ ಕಾನೂನಿನಲ್ಲಿ ಸೈಕಲ್ ಅನ್ನುವ ಮಾತು ಬರುತ್ತಿರಲಿಲ್ಲ. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿ ಆಯಿತು, 2016ರ ಜನವರಿ 26ರಿಂದ ಜಾರಿಗೆ ಬಂತು. ಪರಿಶಿಷ್ಟರು ಸಾರ್ವಜನಿಕ ಜಾಗದಲ್ಲಿ ಸೈಕಲ್ಲು, ಮೋಟಾರ್ ಸೈಕಲ್ಲು ಹತ್ತುವುದನ್ನು, ಚಪ್ಪಲಿ ಮೆಡುವುದನ್ನು, ಹೊಸ ಬಟ್ಟೆ ತೊಡುವುದನ್ನು ತಡೆಯುವುದು ಅಪರಾಧ ಅಂತ ಅದರಲ್ಲಿ ಬಿಡಿಸಿ ಬರೆದರು. ಸ್ವಾತಂತ್ರ್ಯ ಬಂದು ಅರವತ್ತೆಂಟು ವರ್ಷಕ್ಕೆ ಪಾರ್ಲಿಮೆಂಟು ಕೂತು ಒಬ್ಬ ಮನುಷ್ಯ ಸೈಕಲ್ ಹತ್ತಬಹುದು ಅಂತ ಬರೆಯಬೇಕಾಯಿತು! ಹಳ್ಳಿಯ ಮಾಸ್ತರುಗಳು ಈ ಒಂದು ಕಲಮನ್ನಾದರೂ ಮಕ್ಕಳಿಗೆ ಓದಿ ಹೇಳಬೇಕು.

ಗಾಲಿಗೂ ಜಾತಿಗೂ ಹಳೆಯ ಜಗಳ. 1893ರಲ್ಲಿ ತಿರುವಾಂಕೂರಿನ ಕಡಲ ಸೀಮೆಯಲ್ಲಿ ಅಯ್ಯನ್‌ಕಾಳಿ ಎತ್ತಿನ ಬಂಡಿ ಕೊಂಡರು. ಬಿಳಿ ಬಟ್ಟೆ ತೊಟ್ಟು, ತಲೆಗೆ ರುಮಾಲು ಸುತ್ತಿ, ತಮ್ಮವರು ಕಾಲಿಡಬಾರದ ರಸ್ತೆಯ ಮೇಲೆ ಬಂಡಿ ಹೊಡೆದರು. ಆ ದಿನ ಅವರಿಗೆ ಮುಟ್ಟಬೇಕಾದ ಊರು ಯಾವುದೂ ಇರಲಿಲ್ಲ, ಹೋಗುವುದೇ ಕೆಲಸವಾಗಿತ್ತು. 1929ರಲ್ಲಿ ಅಂಬೇಡ್ಕರ್ ಮುಂಬಯಿ ಸರಕಾರದ ಸಮಿತಿಯ ಸದಸ್ಯರಾಗಿ ಚಾಳೀಸಗಾಂವ್ ಸ್ಟೇಷನ್ನಿನಲ್ಲಿ ಇಳಿದರು. ಮಹಾರನನ್ನು ಕೂಡಿಸಿಕೊಂಡು ಟಾಂಗಾ ಹೊಡೆಯಲು ಒಬ್ಬನೂ ಒಪ್ಪಲಿಲ್ಲ. ಕೇರಿಯವರು ಬರೀ ಟಾಂಗಾ ಬಾಡಿಗೆಗೆ ತಂದರು. ಹೊಡೆಯಲು ಬಾರದ ಒಬ್ಬನು ಲಗಾಮು ಹಿಡಿದ. ಸೇತುವೆಯ ಮೇಲೆ ಗಾಲಿ ಕಲ್ಲಿನ ಸಂದಿಗೆ ಸಿಕ್ಕಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು, ಕುದುರೆ ಗಾಡಿ ಹೊಳೆಗೆ ಬಿತ್ತು. ವಿದೇಶದಲ್ಲಿ ಓದಿ ಬಂದ ಬ್ಯಾರಿಸ್ಟರಿಗಿಂತ ತನ್ನ ಮಾನ ದೊಡ್ಡದು ಅಂದುಕೊಂಡ ಟಾಂಗಾದವನೂ ಬಡವನೇ. ವರ್ಗ ಒಂದರಿಂದಲೇ ಎಲ್ಲ ಅರ್ಥವಾಗುತ್ತದೆ ಅನ್ನುವ ಗೆಳೆಯರು ಈ ಟಾಂಗಾದ ಹತ್ತಿರ ಸ್ವಲ್ಪ ನಿಲ್ಲಬೇಕು.

ಇನ್ನು ಗುಡ್ಡದ ಸೈಕಲ್ಲಿಗೆ ಬರೋಣ. ಈ ಆಟ ಈ ರೂಪಕ್ಕೆ ಬಂದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಪೆಸಿಫಿಕ್ ಕಡಲಿಗೆ ಆತುಕೊಂಡ ಮರಿನ್ ಸೀಮೆಯ ಬೆಟ್ಟಗಳಲ್ಲಿ. 1970ರ ದಶಕದ ಹುಡುಗರು 1930-40ರ ಕಾಲದ ಭಾರದ, ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದು ಬೆಟ್ಟದಿಂದ ಇಳಿಸುತ್ತಿದ್ದರು. 1976ರಲ್ಲಿ ಸುರುವಾದ ಅವರ ಪಂದ್ಯಕ್ಕೆ 'ರೀಪ್ಯಾಕ್' ಅಂತ ಹೆಸರು. ಮೂರು ಕಿಲೋಮೀಟರಿನಲ್ಲಿ ಸುಮಾರು ನಾನೂರು ಮೀಟರ್ ಇಳಿಯುವಾಗ ಬ್ರೇಕಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು, ಕೆಳಗೆ ಬಂದವರು ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು, ಅದಕ್ಕೇ ಆ ಹೆಸರು. ಅಂದರೆ ಇದು ಮೊದಲಿಗೆ ಗುಜರಿ ಸೈಕಲ್ಲಿನ ಆಟ. 1980ರ ದಶಕದಲ್ಲಿ ಕಂಪನಿಗಳು ಕೈ ಹಾಕಿದ ಮೇಲೆ ಅದು ಸಿರಿವಂತರದ್ದಾಯಿತು. ನಮ್ಮ ಹಿರಿಯರಿಗೆ ಇದು ಗೊತ್ತಿದ್ದರೆ ಅಷ್ಟು ಜೋರಾಗಿ ನಗುತ್ತಿರಲಿಲ್ಲ.

ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಅದೇ ಬೆಟ್ಟದಲ್ಲಿ ಕಾಲ್ನಡಿಗೆಯವರಿಗೂ ಸೈಕಲ್ಲಿನವರಿಗೂ ಜಗಳ ಬಿತ್ತು. ಕಿರುಹಾದಿಗಳಲ್ಲಿ ಸೈಕಲ್ ಬರಕೂಡದು ಅಂತ ಕಟ್ಟಳೆ ಮಾಡಿದರು, ದಂಡ ಹಾಕಿದರು. ಅನ್ಯಾಯ ಅಂತ ಸವಾರರು ಕೂಗಿದರು, ಸಂಘ ಕಟ್ಟಿದರು. ಎರಡು ಕಡೆಯವರೂ ಹಾದಿ ಯಾರದು ಅಂತ ಕೇಳುತ್ತಿದ್ದರು. ಆ ನೆಲದ ಮೂಲದವರು ಕೋಸ್ಟ್ ಮೀವಾಕ್ ಜನ. ಅವರ ಬುಡಕಟ್ಟೇ ಇಲ್ಲ ಅಂತ 1958ರಲ್ಲಿ ಕಾನೂನು ಮಾಡಿದ್ದ ಸರಕಾರ, 2000ದಲ್ಲಿ ಇದ್ದಾರೆ ಅಂತ ಮತ್ತೆ ಒಪ್ಪಿಕೊಂಡಿತು.

ನಮ್ಮ ಘಟ್ಟದಲ್ಲೂ ಇದೇ ಲೆಕ್ಕ. ಕುದುರೆಮುಖದ ಕಾಡಿನೊಳಗೆ ಮಲೆಕುಡಿಯರ ಮನೆಗಳಿಗೆ ರಸ್ತೆ ಬೇಕೆಂದರೆ ಅದು ರಾಷ್ಟ್ರೀಯ ಉದ್ಯಾನ, ಆಗದು ಅನ್ನುತ್ತಾರೆ. ರೋಗಿಯನ್ನು ಕಂಬಳಿಯಲ್ಲಿ ಕಟ್ಟಿ ಹೊತ್ತು ತಂದ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಅದೇ ಕಾಡಿನ ಚಾರಣಕ್ಕೆ ಸರಕಾರವೇ ಆನ್‌ಲೈನಿನಲ್ಲಿ ಚೀಟಿ ಮಾರುತ್ತದೆ. ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರಿನಲ್ಲಿ ಕಾಡಿನ ಜಾಗ ಅಂತ ಆದಿವಾಸಿಗಳ ಗುಡಿಸಲು ಕೆಡವಿದರು; ಎಸ್ಟೇಟಿನ ಲೈನ್ ಮನೆಗಳ ಬಾಳು ಸಾಕಾಗಿ ಹೊರಗೆ ಬಂದ ಜನ ಅವರು. ಒಂದು ಹಾದಿ ಒಬ್ಬನಿಗೆ ಸಾಹಸ, ಇನ್ನೊಬ್ಬನಿಗೆ ಒತ್ತುವರಿ. ಕಾಡು ಉಳಿಯಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಯಾರನ್ನು ಹೊರಗೆ ಹಾಕಿ ಉಳಿಸುತ್ತೀರಿ ಅಂತ ಕೇಳುತ್ತಿದ್ದೇವೆ.

ಹಾಗಾದರೆ ಹಿರಿಯರ ಮಾತೇ ಸರಿಯಾಯಿತಲ್ಲ ಅಂತ ನೀವು ಅನ್ನಬಹುದು. ಆಗಲಿಲ್ಲ. ನಮ್ಮ ಹೋರಾಟ ಇಷ್ಟು ದಿನ ನಮಗೆ ಬೇಕಾದ್ದನ್ನು ಕೇಳಿತು: ನೀರು, ನೆಲ, ಕೂಲಿ, ಸಾಲಿ. ಕೇಳಲೇಬೇಕಿತ್ತು. ಆದರೆ ಜಾತಿಯವರು ನಮ್ಮಿಂದ ಕಿತ್ತುಕೊಂಡದ್ದು ಬೇಕಾದ್ದನ್ನಷ್ಟೇ ಅಲ್ಲ, ಬೇಡಾದ್ದನ್ನೂ ಕಿತ್ತುಕೊಂಡರು. ಸಗಣಿ ಬುಟ್ಟಿ ಹೊತ್ತು ಓಣಿಯಲ್ಲಿ ಹೋದರೆ ನಮ್ಮನ್ನು ಯಾರೂ ತಡೆಯಲಿಲ್ಲ. ಸತ್ತ ದನ ಎಳೆದುಕೊಂಡು ಹೋಗಲು ಓಣಿ ತೆರೆದೇ ಇತ್ತು. ಕೈ ಬೀಸಿಕೊಂಡು, ಸೀಟಿ ಹೊಡೆಯುತ್ತ, ಸೈಕಲ್ ಮೇಲೆ ಹೋದಾಗಲೇ "ಇಳೀಲೇ" ಅಂದರು. ಅವರ ಕಣ್ಣಿಗೆ ಚುಚ್ಚಿದ್ದು ನಮ್ಮ ಖುಷಿ. ಕೆಲಸವಿಲ್ಲದೆ ಸುಮ್ಮನೆ ಹೋಗುವ ಕೇರಿಯ ಮನುಷ್ಯನನ್ನು ಊರು ಇನ್ನೂ ಸಂಶಯದಿಂದ ನೋಡುತ್ತದೆ. ಮೌಂಟೇನ್ ಬೈಕಿನವನು ಘಟ್ಟದಲ್ಲಿ ಸುಮ್ಮನೆ ಹೋದರೆ ಅವನನ್ನು ಯಾಕೆ ಅಂತ ಕೇಳುವವರಿಲ್ಲ.

ಆ ಆಟವನ್ನು ಬೈದು ಸುಮ್ಮನಾದರೆ ನಾವು ಅದನ್ನು ಅವರಿಗೇ ಬಿಟ್ಟುಕೊಟ್ಟಂತೆ. ವಿಜಯಪುರ, ಬಾಗಲಕೋಟೆ ಸೀಮೆ ಸೈಕಲ್ ಓಟಗಾರರಿಗೆ ಹೆಸರಾದದ್ದು. ಬಡ ರೈತರ ಮನೆಯ ಹುಡುಗ ಹುಡುಗಿಯರು ರೊಟ್ಟಿ ಉಂಡು ಪದಕ ತಂದಿದ್ದಾರೆ. 2022ರಲ್ಲಿ ಗದಗದಲ್ಲಿ ಗುಡ್ಡದ ಸೈಕಲ್ಲಿನ ರಾಷ್ಟ್ರೀಯ ಸ್ಪರ್ಧೆಯೂ ಆಯಿತು. ಅಲ್ಲಿ ಕೇರಿಯ ಹೆಸರು ಎಷ್ಟು ಕೇಳಿಬಂತು ಅಂತ ಸಂಘಟನೆ ಕೇಳಬೇಕು. ಕೂಲಿಯ ಪ್ರಶ್ನೆ ಕೇಳಿದಷ್ಟೇ ಗಟ್ಟಿಯಾಗಿ ಕೇಳಬೇಕು. ಹಾದಿ ಕಡಿದ ಚಿಗವ್ವನಿಗೆ ಪಗಾರ ಎಷ್ಟು ಅನ್ನುವುದು ಒಂದು ಲೆಕ್ಕ. ಅವಳು ಕಡಿದ ಹಾದಿಯ ಮೇಲೆ ಅವಳ ಮಗಳು ಯಾವಾಗ ಇಳಿಯುತ್ತಾಳೆ ಅನ್ನುವುದು ಇನ್ನೊಂದು ಲೆಕ್ಕ. ಮೊದಲನೆಯದು ತೀರಿದ ಮೇಲೆ ಎರಡನೆಯದು ಅಂತ ಕಾಯಲು ನಮಗೆ ಮನಸ್ಸಿಲ್ಲ.

ಚಿಗವ್ವನ ಮಗಳು ಒಂಬತ್ತನೆಯ ತರಗತಿ. ಅಕ್ಕನಿಗೆ ಸಾಲಿಯಲ್ಲಿ ಕೊಟ್ಟಿದ್ದ ಹಳೆಯ ಸೈಕಲ್ ಈಗ ಅವಳದ್ದು. ಹೋದ ತಿಂಗಳು ಸಂಜೆ ಕೇರಿಯ ಹಿಂದಿನ ದಿಬ್ಬದ ಮೇಲಿಂದ ಬ್ರೇಕು ಬಿಟ್ಟು ಇಳಿದು ಬರುತ್ತಿದ್ದಳು. ಹಾದಿ ಕೆಳಗೆ ಬಂದು ಊರ ಓಣಿಗೆ ಕೂಡುತ್ತದೆ. ಅಲ್ಲಿ ನಿಂತಿದ್ದ ಒಬ್ಬ ದೊಡ್ಡ ಮನುಷ್ಯ ಕೈ ಅಡ್ಡ ಮಾಡಿ ಕೇಳಿದ:

"ಎಲ್ಲಿಗೆ ಹೊಂಟಿಯೇ ಅಷ್ಟು ಜೋರ?"

ಅವಳು ಒಂದು ಕಾಲು ನೆಲಕ್ಕೆ ಊರಿದಳು, ಸೀಟಿನಿಂದ ಇಳಿಯಲಿಲ್ಲ. "ಎಲ್ಲಿಗೂ ಇಲ್ಲರಿ" ಅಂದಳು. ಸೈಕಲ್ ತಿರುಗಿಸಿಕೊಂಡು ಮತ್ತೆ ದಿಬ್ಬ ಹತ್ತಿದಳು.